ಸಾರ್ಬಿಟಾಲ್ ಪರೀಕ್ಷೆ: ಮಲೇರಿಯಾ ಹೊಕ್ಕ ಕೆಂಪು ಕಣದ ದಾರಿಯನ್ನು ಅಳೆಯುವ ಬಗೆ

ಆರೋಗ್ಯವಂತ ಕೆಂಪು ರಕ್ತಕಣದೊಳಗೆ ಸಾರ್ಬಿಟಾಲ್ ಎಂಬ ಸಕ್ಕರೆಯಂಥ ವಸ್ತು ಹೆಚ್ಚುಕಡಿಮೆ ಹೋಗುವುದೇ ಇಲ್ಲ. ಮಲೇರಿಯಾ ಪರಾವಲಂಬಿ ಪ್ಲಾಸ್ಮೋಡಿಯಂ ಫಾಲ್ಸಿಪ್ಯಾರಮ್ ಹೊಕ್ಕು 20 ಗಂಟೆ ದಾಟಿದ ಕಣದೊಳಗೆ, ಆ ಪರಾವಲಂಬಿ ಕಣದ ಪೊರೆಯಲ್ಲಿ ಮಾಡಿಕೊಂಡ ದಾರಿಯಿಂದ, ಸಾರ್ಬಿಟಾಲ್ ಸಲೀಸಾಗಿ ನುಗ್ಗುತ್ತದೆ. ಹಿಂದೆಯೇ ನೀರು ಹೋಗುತ್ತದೆ, ಕಣ ಉಬ್ಬಿ ಒಡೆಯುತ್ತದೆ, ಹಿಮೋಗ್ಲೋಬಿನ್ ಹೊರಬೀಳುತ್ತದೆ. ಒಡೆಯುವ ವೇಗವೇ ನಮ್ಮ ಅಳತೆ. ಪುಣೆಯ ಲ್ಯಾಬುಗಳಿಗೆ ಬರುವ ನಮ್ಮ ಕಡೆಯ ವಿದ್ಯಾರ್ಥಿಗಳು ಇದನ್ನು ಸುಲಭದ ಪರೀಕ್ಷೆ ಎಂದುಕೊಳ್ಳುತ್ತಾರೆ. ಅಂಕಿ ಸುಲಭವಾಗಿ ಬರುತ್ತದೆ ನಿಜ, ನಂಬುವಂಥ ಅಂಕಿ ಪಡೆಯುವುದು ಕಷ್ಟ.

ಮೊದಲು ಪರಾವಲಂಬಿಗಳ ವಯಸ್ಸು ಒಂದೇ ಆಗಿರಬೇಕು. ರಿಂಗ್ ಹಂತದ (ಕಣ ಹೊಕ್ಕ ಮೊದಲ ಗಂಟೆಗಳ ಎಳೆಯ ಹಂತ) ಕಲ್ಚರನ್ನು ಸೆಂಟ್ರಿಫ್ಯೂಜ್ ಮಾಡಿ, ಪೆಲೆಟ್‌ನ ಹತ್ತು ಪಟ್ಟು 5% ಸಾರ್ಬಿಟಾಲ್ ಹಾಕಿ 37 ಡಿಗ್ರಿಯಲ್ಲಿ 10 ನಿಮಿಷ ಇಡುತ್ತೇನೆ. ಬಲಿತವು ಒಡೆದುಹೋಗುತ್ತವೆ, ರಿಂಗ್‌ಗಳು ಉಳಿಯುತ್ತವೆ. 1979ರಿಂದ ಬಳಕೆಯಲ್ಲಿರುವ ಈ ಕ್ರಮ ನಿಂತಿರುವುದೂ ಅದೇ ಸೋರಿಕೆಯ ಮೇಲೆ. ಮುಂದಿನ 48 ಗಂಟೆಯ ಚಕ್ರದಲ್ಲಿ ಮತ್ತೊಮ್ಮೆ ಇದನ್ನೇ ಮಾಡಿ, ಪರಾವಲಂಬಿಗಳಿಗೆ 28ರಿಂದ 34 ಗಂಟೆ ತುಂಬಿದಾಗ ಪರೀಕ್ಷೆಗೆ ತೆಗೆದುಕೊಳ್ಳುತ್ತೇನೆ. ಜೀಮ್ಸಾ ಬಣ್ಣ ಹಾಕಿದ ಸ್ಲೈಡ್ ನೋಡದೆ ಮುಂದೆ ಹೋಗಬೇಡಿ. ಶೈಝಾಂಟ್‌ಗಳು (ಚಕ್ರದ ಕೊನೆಯ ಬಲಿತ ಹಂತ) ಬೆರೆತಿದ್ದರೆ ಅವು ಬೇಗ ಒಡೆಯುತ್ತವೆ. ಅದು ಪೊರೆ ಹೆಚ್ಚು ತೆರೆದಿದ್ದಕ್ಕಲ್ಲ, ಕಣವೇ ದುರ್ಬಲವಾಗಿರುವುದಕ್ಕೆ.

ದ್ರಾವಣ 100 ಮಿ.ಲೀ.ಗೆ: ಸಾರ್ಬಿಟಾಲ್ 5.1 ಗ್ರಾಂ (280 ಮಿಲಿಮೋಲಾರ್), ಹೆಪಿಸ್ (ಪಿಎಚ್ ಕಾಯುವ ಬಫರ್) 0.48 ಗ್ರಾಂ, ಬಿಎಸ್ಎ (ದನದ ಆಲ್ಬುಮಿನ್) 10 ಮಿಲಿಗ್ರಾಂ. ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ 7.4ಕ್ಕೆ ತಂದು 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸುವುದು. ಪುಣೆಯ ಮಳೆಗಾಲ ಕಾಡುವುದು ಇಲ್ಲೇ. ಸಾರ್ಬಿಟಾಲ್ ಪುಡಿ ತೇವ ಹೀರಿ ಗಂಟು ಕಟ್ಟುತ್ತದೆ, ತೂಗಿದ 5.1 ಗ್ರಾಮಿನಲ್ಲಿ ಒಂದಿಷ್ಟು ನೀರೇ ಇರುತ್ತದೆ. ದ್ರಾವಣ ತುಸು ತೆಳುವಾದರೆ ಸೋಂಕಿಲ್ಲದ ಕಣಗಳೇನೂ ಒಡೆಯವು, ಹಾಗಾಗಿ ಕಂಟ್ರೋಲ್ ಸರಿಯಾಗಿಯೇ ಕಾಣುತ್ತದೆ. ಆದರೆ ಸೋಂಕಿತ ಕಣಗಳು ಒಡೆಯುವ ಗಾತ್ರವನ್ನು ಬೇಗ ಮುಟ್ಟಿ, ಸೋರಿಕೆ ಹೆಚ್ಚಿದೆ ಎಂಬ ಭ್ರಮೆ ಹುಟ್ಟಿಸುತ್ತವೆ. ಡಬ್ಬಿ ಡೆಸಿಕೇಟರಿನಲ್ಲಿರಲಿ, ದ್ರಾವಣದ ಸಾಂದ್ರತೆ ಅಳೆಯುವ ಆಸ್ಮೋಮೀಟರ್ 300 ಮಿಲಿಆಸ್ಮೋಲ್‌ನ ಆಸುಪಾಸು ತೋರಿಸಲೇಬೇಕು. ಡಿಸೆಂಬರಿನಲ್ಲಿ ತೊಂದರೆ ಬೇರೆ: ಮೇಜಿನ ಮೇಲಿನ ತಣ್ಣನೆಯ ದ್ರಾವಣವನ್ನು ಹಾಗೇ ಸುರಿದರೆ ಮೊದಲ ನಿಮಿಷಗಳ ಅಳತೆ ನಿಧಾನವಾಗುತ್ತದೆ. ಮೊದಲೇ 37 ಡಿಗ್ರಿಗೆ ಬಿಸಿ ಮಾಡಿಟ್ಟುಕೊಳ್ಳಿ.

ಪರ್ಕಾಲ್ (ಕಣಗಳನ್ನು ಸಾಂದ್ರತೆಗೆ ತಕ್ಕಂತೆ ಬೇರ್ಪಡಿಸುವ ದ್ರಾವಣ) ಅಥವಾ ಮ್ಯಾಗ್ನೆಟಿಕ್ ಕಾಲಮ್‌ನಲ್ಲಿ ಸೋಂಕಿತ ಕಣಗಳನ್ನು ಬೇರ್ಪಡಿಸಿ, ತೊಳೆದು, 2% ಹೆಮಟೋಕ್ರಿಟ್‌ನಂತೆ (ಒಟ್ಟು ಗಾತ್ರದಲ್ಲಿ ಕಣಗಳ ಪಾಲು) ದ್ರಾವಣಕ್ಕೆ ಸೇರಿಸುತ್ತೇನೆ. 0, 5, 10, 20, 40ನೇ ನಿಮಿಷಕ್ಕೆ 200 ಮೈಕ್ರೋಲೀಟರ್ ತೆಗೆದು, ಫ್ಯೂರೊಸೆಮೈಡ್ (ಈ ದಾರಿಯನ್ನು ಮುಚ್ಚುವ ಔಷಧಿ) ಇರುವ 800 ಮೈಕ್ರೋಲೀಟರ್ ಐಸ್‌ನಂತೆ ತಣ್ಣನೆಯ ಪಿಬಿಎಸ್‌ಗೆ (ಉಪ್ಪಿನ ಬಫರ್) ಹಾಕಿ, ತಕ್ಷಣ ಸ್ಪಿನ್ ಮಾಡಿ, ಮೇಲಿನ ತಿಳಿಯನ್ನು 540 ನ್ಯಾನೋಮೀಟರಿನಲ್ಲಿ ಓದುತ್ತೇನೆ. ಟ್ರೈಟಾನ್ ಎಂಬ ಡಿಟರ್ಜೆಂಟ್ ಹಾಕಿ ಪೂರ್ತಿ ಒಡೆದ ಮಾದರಿಯೇ 100%.

ಜೊತೆಗೆ ಮೂರು ಕೊಳವೆ ಇರಲೇಬೇಕು: ಅದೇ ರಕ್ತದ ಸೋಂಕಿಲ್ಲದ ಕಣಗಳು, ಪಿಬಿಎಸ್‌ನಲ್ಲಿ ಸೋಂಕಿತ ಕಣಗಳು, 200 ಮೈಕ್ರೋಮೋಲಾರ್ ಫ್ಯೂರೊಸೆಮೈಡ್ ಹಾಕಿದ ಸೋಂಕಿತ ಕಣಗಳು. ಮೂರನೆಯದು ಇಲ್ಲದ ಗ್ರಾಫನ್ನು ನಾನು ಒಪ್ಪುವುದಿಲ್ಲ. ಕಣ ಒಡೆದದ್ದು ಪರಾವಲಂಬಿ ಮಾಡಿಕೊಂಡ ದಾರಿಯಿಂದಲೇ ಎಂದು ಹೇಳಲು ಅದೊಂದೇ ಆಧಾರ. ಔಷಧಿ ಕರಗಿಸುವ ಡಿಎಂಎಸ್ಒ ಪ್ರಮಾಣ ಎಲ್ಲ ಕೊಳವೆಯಲ್ಲೂ ಒಂದೇ ಇರಲಿ. ಫ್ಯೂರೊಸೆಮೈಡ್‌ಗೆ ಬೆಳಕು ಆಗದು, ಫಾಯಿಲ್ ಸುತ್ತಿಡಿ. ಅದು ಆಲ್ಬುಮಿನ್‌ಗೆ ಗಟ್ಟಿಯಾಗಿ ಅಂಟಿಕೊಳ್ಳುವುದರಿಂದ ಕಲ್ಚರ್ ಮೀಡಿಯಾದ ಆಲ್ಬುಮ್ಯಾಕ್ಸ್ (ಆಲ್ಬುಮಿನ್ ಇರುವ ಪೂರಕ) ಉಳಿದಿದ್ದರೆ ಔಷಧಿಯ ಪರಿಣಾಮ ಕುಗ್ಗುತ್ತದೆ. ಚೆನ್ನಾಗಿ ತೊಳೆಯಿರಿ.

ಈ ದಾರಿಯಲ್ಲಿ ಪಾಲಿರುವುದು ಕ್ಲ್ಯಾಗ್3, ರಾಪ್‌ಎಚ್2, ರಾಪ್‌ಎಚ್3 ಪ್ರೋಟೀನುಗಳಿಗೆ. ಇವು ಹಿಂದಿನ ಚಕ್ರದ ಶೈಝಾಂಟ್‌ನಲ್ಲೇ ತಯಾರಾಗಿ ಪರಾವಲಂಬಿಯ ಜೊತೆ ಹೊಸ ಕಣಕ್ಕೆ ಬರುತ್ತವೆ. ಹೊರಪೊರೆ ಸೇರಲು ಪಿಟೆಕ್ಸ್ ಎಂಬ ಸಾಗಣೆ ಸಂಕೀರ್ಣ ಬೇಕು, ಆ ಸಾಗಣೆಗೆ ಸಮಯ ಹಿಡಿಯುತ್ತದೆ. ರಿಂಗ್‌ಗಳಲ್ಲಿ ಸೋರಿಕೆ ಕಾಣದಿರುವುದು ಅದಕ್ಕೇ. ಮನುಷ್ಯರ ಹಿಮೋಗ್ಲೋಬಿನ್‌ನಲ್ಲಿ ಐಸೊಲ್ಯೂಸಿನ್ ಎಂಬ ಅಮೈನೊ ಆಮ್ಲ ಇಲ್ಲ, ಪರಾವಲಂಬಿ ಅದನ್ನು ಹೊರಗಿನಿಂದಲೇ ತರಿಸಿಕೊಳ್ಳಬೇಕು. ಅದು ಬರುವುದೂ ಮುಖ್ಯವಾಗಿ ಇಲ್ಲಿಂದಲೇ. ಗ್ಲೂಕೋಸ್‌ಗಾದರೆ ಕಣದ್ದೇ ಆದ ಸಾಗಣೆ ಪ್ರೋಟೀನು ಗ್ಲುಟ್1 ಇದೆ. ಆದ್ದರಿಂದ ಈ ಪರೀಕ್ಷೆಯಿಂದ ಗ್ಲೂಕೋಸ್ ಬಗ್ಗೆ ಏನನ್ನೂ ಹೇಳಬಾರದು. ಒಳಗೆ ಪರಾವಲಂಬಿಯನ್ನು ಸುತ್ತುವರಿದ ಕೋಶಾವಕಾಶದ ಪೊರೆಯ ಬಗ್ಗೆಯೂ ಅಷ್ಟೇ, ಕಣ ಒಡೆಯಲು ಸಾರ್ಬಿಟಾಲ್ ಹೊರಪೊರೆಯೊಂದನ್ನು ದಾಟಿದರೆ ಸಾಕು.

ಬ್ಲಾಸ್ಟಿಸಿಡಿನ್ ಎಂಬ ಔಷಧಿಯಿಂದ ಆಯ್ದ ಲೈನುಗಳಲ್ಲಿ (ಲ್ಯಾಬಿನಲ್ಲಿ ಬೆಳೆಸುವ ಪರಾವಲಂಬಿ ತಳಿಗಳು) ಇನ್ನೊಂದು ಎಚ್ಚರ ಬೇಕು. ಆ ಔಷಧಿ ಒಳಹೋಗುವುದೂ ಇದೇ ದಾರಿಯಲ್ಲಿ, ಹಾಗಾಗಿ ಕ್ಲ್ಯಾಗ್3 ವಂಶವಾಹಿಯನ್ನು ಅದುಮಿಟ್ಟ ಪರಾವಲಂಬಿಗಳು ಬದುಕುಳಿದಿರಬಹುದು. ಆಗ ಸಾರ್ಬಿಟಾಲ್ ಹಾಕಿದರೂ ಟ್ರೋಫೊಜೊಯಿಟ್‌ಗಳು (ರಿಂಗ್ ದಾಟಿ ಬೆಳೆದ ಹಂತ) ಸ್ಲೈಡಿನಲ್ಲಿ ಹಾಗೇ ಕಾಣುತ್ತವೆ. ಅಂಥ ಲೈನನ್ನು ಪರ್ಕಾಲ್‌ನಲ್ಲೇ ಒಂದೇ ವಯಸ್ಸಿಗೆ ತರಬೇಕು, ಒಡೆಯುವ ವೇಗವನ್ನು ಮೂಲ ಲೈನಿನ ಜೊತೆ ಹೋಲಿಸಿದ ಮೇಲೆಯೇ ಮುಂದಿನ ಪ್ರಯೋಗ.