ಕಥೆ ಇರೋ ಗೇಮ್ ಆಡೋದು ಹೆಂಗೆ, ಆಮೇಲೆ ಪಾರ್ಟ್ ಟೂ ಬೇಕಾ ಬೇಡ್ವಾ ಅಂತ ನೋಡೋದು ಹೆಂಗೆ

ಹೋದ ಜುಲೈನಲ್ಲಿ ಸಕಲೇಶಪುರ ಕಡೆ ಮಳೆಗೆ ಅಂತ ರಜೆ ಕೊಟ್ಟಿದ್ರಲ್ಲ, ಆಗ ನಮ್ಮ ಚಿಕ್ಕಪ್ಪನ ಮಗ ಮೂರು ದಿನ ನಮ್ಮನೇಲೇ ಇದ್ದ, ಪಿಯುಸಿ ಹುಡುಗ, ಬಂದವನೇ ನನ್ನ ಪಿಎಸ್4 ಗೇಮ್ ಮಷೀನ್ ಮುಂದೆ ಕೂತ. ಎರಡನೇ ದಿನ ಸಂಜೆ ಅಷ್ಟೊತ್ತಿಗೆ "ಅಣ್ಣ ಮುಗೀತು, ಇದ್ರಲ್ಲಿ ಕಥೆ ಏನೂ ಇಲ್ಲ, ಇದರ ಪಾರ್ಟ್ ಟೂ ಇದ್ಯಾ" ಅಂದ. ಆ ಗೇಮ್‌ನ ಹೀರೋಯಿನ್ ಆ ಕಾಡಿಗೆ ಯಾಕೆ ಹೋಗಿದ್ಳು ಅಂತ ಕೇಳಿದೆ, ಗೊತ್ತಿಲ್ಲ. ಅವಳಪ್ಪ ಏನಾದ ಅಂದೆ, ಅದೂ ಗೊತ್ತಿಲ್ಲ. ಮಾತು ಶುರುವಾದಾಗೆಲ್ಲ ಬಟನ್ ಒತ್ತಿ ಓಡಿಸಿದಾನೆ. ನಾನು ಬೈಲಿಲ್ಲ, ಕಥೆ ಇರೋ ಗೇಮನ್ನ ಹೆಂಗೆ ಆಡ್ಬೇಕು ಅಂತ ನಮಗೂ ಯಾರೂ ಹೇಳ್ಕೊಟ್ಟಿರ್ಲಿಲ್ಲ, ತಪ್ಪು ಮಾಡ್ಕೊಂಡು ಕಲ್ತಿದ್ದು. ಆ ರಾತ್ರಿ ಕರೆಂಟ್ ಹೋದ್ಮೇಲೆ ಮೇಣದಬತ್ತಿ ಹಚ್ಕೊಂಡು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ. ಮಧ್ಯೆ ಕೆಲವು ಗೇಮ್‌ಗಳ ಕೊನೆ ಏನು ಅಂತಾನೂ ಬರತ್ತೆ, ಲಾಸ್ಟ್ ಆಫ್ ಅಸ್, ರೆಡ್ ಡೆಡ್ 2 ಇನ್ನೂ ಆಡಿಲ್ಲ ಅನ್ನೋರು ಆಡ್ಕೊಂಡು ಬಂದು ಓದಿ, ಇದು ಎಲ್ಲೂ ಓಡಿಹೋಗಲ್ಲ.

ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಸಬ್‌ಟೈಟಲ್ ಆನ್ ಮಾಡಿ, ಅಕ್ಷರ ದೊಡ್ಡದು ಮಾಡಿ. ಇಂಗ್ಲಿಷ್ ಚೆನ್ನಾಗಿ ಬರೋರೂ ಮಾಡಿ, ಯಾಕಂದ್ರೆ ರೆಡ್ ಡೆಡ್‌ನಲ್ಲಿ ಅರ್ಧ ಕಥೆ ಕುದುರೆ ಮೇಲೆ ಹೋಗ್ತಾ ಆಡೋ ಮಾತಲ್ಲೇ ಇರತ್ತೆ, ನಮ್ಮ ಶೀಟ್ ಮನೇಲಿ ಮಳೆ ಹೊಡೆಯೋಕೆ ಶುರುವಾದ್ರೆ ಪಕ್ಕದಲ್ಲಿ ಕೂತೋರ ಮಾತೇ ಕೇಳಲ್ಲ. ಹೆಡ್‌ಫೋನ್ ಇದ್ರೆ ಇನ್ನೂ ಒಳ್ಳೇದು. ಆಮೇಲೆ ಡಿಫಿಕಲ್ಟಿ, ಈಸಿ ಇಟ್ರೆ ಮರ್ಯಾದೆ ಏನೂ ಹೋಗಲ್ಲ, ಒಂದೇ ಜಾಗದಲ್ಲಿ ಮೂವತ್ತು ಸಲ ಸತ್ರೆ ಸಿಟ್ಟು ಮಾತ್ರ ನೆನಪಿರತ್ತೆ, ಯಾರು ಯಾರಿಗೆ ಏನಂದ್ರು ಅನ್ನೋದು ಮರ್ತೇ ಹೋಗತ್ತೆ.

ಸೇವ್ ಬಗ್ಗೆ ಒಂದು ಮಾತು. ಆಟೋ ಸೇವ್ ಇದೆ ಅಂತ ನಂಬ್ಕೊಂಡು ಕೂರ್ಬೇಡಿ, ಮಲೆನಾಡಿನ ಕರೆಂಟ್ ನಿಮಗೆ ಗೊತ್ತಿದೆ, ಕೈಯಾರೆ ಸೇವ್ ಮಾಡೋಕೆ ಬಿಟ್ರೆ ಪ್ರತಿ ಸಲ ಮಾಡಿ, ಆಗತ್ತೆ ಅಂದ್ರೆ ಒಂದು ಚಿಕ್ಕ ಯುಪಿಎಸ್ ಇಟ್ಕೊಳ್ಳಿ. ನಾನು ಹಾಸನದಲ್ಲಿ ಓದುವಾಗ ಒಂದು ಸೈಬರ್ ಸೆಂಟರ್‌ನಲ್ಲಿ ವೈಸ್ ಸಿಟಿ ಆಡ್ತಿದ್ದೆ, ಗಂಟೆಗೆ 20 ರೂಪಾಯಿ, ರಾತ್ರಿ ಮಷೀನ್ ಆಫ್ ಮಾಡಿದ್ರೆ ಸೇವ್ ಪೂರ್ತಿ ಅಳಿಸಿ ಹೋಗೋದು. ಒಂದು ವರ್ಷ ಮೊದಲನೇ ನಾಕೈದು ಮಿಷನ್ನೇ ತಿರುಗಾ ಮುರುಗಾ ಆಡಿದೀನಿ. ಜೊತೆಗಾರ ಲ್ಯಾನ್ಸ್ ಕೊನೇಲಿ ಹೀರೋ ಟಾಮಿಗೆ ಮೋಸ ಮಾಡ್ತಾನೆ ಅಂತ ಗೊತ್ತಾಗಿದ್ದು ಮನೆಗೆ ಕಂಪ್ಯೂಟರ್ ಬಂದ್ಮೇಲೆ, ಅಷ್ಟರಲ್ಲಿ ಲ್ಯಾನ್ಸ್ ನನಗೆ ಗೆಳೆಯನ ಥರ ಆಗಿಹೋಗಿದ್ದ, ಅವತ್ತು ನಿಜವಾಗ್ಲೂ ಬೇಜಾರಾಯ್ತು.

ಈಗ ಮುಖ್ಯವಾದ ಕೆಲಸ. ಒಂದು ನೋಟ್‌ಬುಕ್ ಇಟ್ಕೊಳ್ಳಿ, ಹಳೇ ಲೆಕ್ಕದ ಪುಸ್ತಕ ಆದ್ರೂ ಸಾಕು. ಒಂದು ಚಾಪ್ಟರ್ ಮುಗಿದ್ಮೇಲೆ ನಿಲ್ಸಿ, ಎರಡು ಮೂರು ಸಾಲು ಬರೀರಿ. ಇವನಿಗೆ ಏನು ಬೇಕು. ಈ ಚಾಪ್ಟರ್‌ನಲ್ಲಿ ನನ್ನ ಕೈ ಏನು ಮಾಡ್ತು. ಮಾಡಿದ್ದಕ್ಕೆ ಇವನಿಗೇನು ಅನ್ನಿಸ್ತು, ನನಗೇನು ಅನ್ನಿಸ್ತು. ಇದರಲ್ಲಿ ಕೈ ಏನು ಮಾಡ್ತು ಅನ್ನೋ ಪ್ರಶ್ನೆ ಬಿಡಲೇಬೇಡಿ, ಸಿನಿಮಾಗೂ ಗೇಮ್‌ಗೂ ವ್ಯತ್ಯಾಸ ಇರೋದೇ ಅಲ್ಲಿ.

ಉದಾಹರಣೆ ಹೇಳ್ತೀನಿ. 2013ರ ಲಾಸ್ಟ್ ಆಫ್ ಅಸ್‌ನ ಕೊನೇಲಿ ಆಸ್ಪತ್ರೆ ಬರತ್ತೆ. ಎಲ್ಲಿ ಅನ್ನೋ ಹುಡುಗಿ ಟೇಬಲ್ ಮೇಲೆ ಪ್ರಜ್ಞೆ ಇಲ್ದೆ ಮಲಗಿದಾಳೆ, ಲೋಕಕ್ಕೆಲ್ಲ ಹಬ್ಬಿರೋ ರೋಗಕ್ಕೆ ಅವಳ ಮೆದುಳಿಂದ ಔಷಧಿ ಮಾಡ್ಬೇಕು, ಮಾಡಿದ್ರೆ ಅವಳು ಉಳಿಯಲ್ಲ. ನಾವು ಆಡೋ ಹೀರೋ ಜೋಯಲ್ ಒಳಗೆ ನುಗ್ತಾನೆ. ಡಾಕ್ಟರ್ ಒಂದು ಸಣ್ಣ ಚಾಕು ಹಿಡ್ಕೊಂಡು ಅಡ್ಡ ನಿಂತಿರ್ತಾನೆ. ಅಷ್ಟೇ, ಗೇಮ್ ಅಲ್ಲಿಗೆ ನಿಂತ್ಬಿಡತ್ತೆ, ನೀವು ಏನಾದ್ರೂ ಮಾಡೋವರೆಗೂ ಮುಂದೆ ಹೋಗಲ್ಲ. ನಾನು ಕಂಟ್ರೋಲರ್ ತೊಡೆ ಮೇಲೆ ಇಟ್ಕೊಂಡು ಸುಮ್ನೆ ಕೂತಿದ್ದೆ, ಬೇರೆ ದಾರಿ ಇದ್ಯಾ ಅಂತ ರೂಮೆಲ್ಲಾ ನೋಡಿದೆ, ಇಲ್ಲ. ಕೊನೆಗೆ ಒತ್ತಿದೆ. ಹೀರೋ ಕೊಂದ ಅಂತ ನನ್ನ ನೋಟ್‌ಬುಕ್‌ನಲ್ಲಿ ಬರ್ದಿಲ್ಲ, ಕೊಂದೆ ಅಂತ ಬರ್ದಿದೆ.

ಇನ್ನೊಂದು, ದಾರೀಲಿ ಬಿದ್ದಿರೋ ಕಾಗದ ಪತ್ರ ಓದದೆ ಹೋಗ್ಬೇಡಿ. ಅದೇ ಗೇಮ್‌ನಲ್ಲಿ ಒಂದು ದೊಡ್ಡ ಚರಂಡಿ ಒಳಗೆ ಹೋಗ್ತೀವಿ, ಅಲ್ಲಿ ಇಶ್ ಅನ್ನೋನು ಬರ್ದಿಟ್ಟ ಚೀಟಿಗಳು ಸಿಗತ್ತೆ, ಅವನ ಮುಖಾನೇ ನಾವು ನೋಡಲ್ಲ. ಅಲ್ಲೇ ಕೆಳಗೆ ಒಂದಿಷ್ಟು ಸಂಸಾರ ಮಕ್ಕಳು ಮರಿ ಎಲ್ಲಾ ಬದುಕಿದ್ರು ಅಂತ ಗೊತ್ತಾಗತ್ತೆ, ಗೋಡೆ ಮೇಲೆ ಮಕ್ಕಳು ಬಿಡಿಸಿದ ಚಿತ್ರ. ಮುಂದಿನ ರೂಮಲ್ಲಿ ಬಟ್ಟೆ ಮುಚ್ಚಿದ ಸಣ್ಣ ಸಣ್ಣ ದೇಹಗಳು, ಪಕ್ಕದಲ್ಲಿ ನೆಲದ ಮೇಲೆ ಇವರು ನರಳಲಿಲ್ಲ ಅಂತ ಬರೆದಿರತ್ತೆ. ಓಡ್ಕೊಂಡು ಹೋದ್ರೆ ಅದು ಬರೀ ಒಂದು ಕತ್ತಲೆ ರೂಮು.

ಈಗ ರಿಯಲಿಸಂ ವಿಷಯ, ಇದರಲ್ಲಿ ಜಗಳ ಜಾಸ್ತಿ. ನಮ್ಮ ಹುಡುಗರು ರಿಯಲಿಸಂ ಅಂದ್ರೆ ಗ್ರಾಫಿಕ್ಸ್ ಅಂದ್ಕೊಂಡಿದಾರೆ, ನೀರಲ್ಲಿ ನೆರಳು ಬೀಳತ್ತಾ, ಕೂದಲು ಅಲ್ಲಾಡತ್ತಾ ಅಂತ. ಅದು ಹತ್ತು ವರ್ಷಕ್ಕೆ ಹಳೇದಾಗತ್ತೆ. ನೀವು ನೋಡ್ಬೇಕಾಗಿದ್ದು ಇಷ್ಟು, ಗೇಮ್‌ನಲ್ಲಿ ನಿಜ ಜೀವನದ ಥರ ಇರೋ ಒಂದು ಕಷ್ಟಾನ ತಗೊಂಡು, ಇದನ್ನ ತೆಗೆದುಹಾಕಿದ್ರೆ ಕಥೆಗೆ ಏನಾದ್ರೂ ಕಮ್ಮಿ ಆಗತ್ತಾ ಅಂತ ಕೇಳ್ಕೊಳ್ಳಿ. 2002ರ ಮಾಫಿಯಾದಲ್ಲಿ ಜೋರಾಗಿ ಗಾಡಿ ಓಡಿಸಿದ್ರೆ ಪೊಲೀಸ್ ಹಿಡಿದು ಫೈನ್ ಹಾಕ್ತಾನೆ, ಸಿಗ್ನಲ್ ಜಂಪ್ ಮಾಡಿದ್ರೂ ಹಾಕ್ತಾನೆ. ಆಗ ರೇಗೋದು. ಆದ್ರೆ ಟಾಮಿ ಏಂಜಲೋ ಅಲ್ಲಿ ಟ್ಯಾಕ್ಸಿ ಓಡಿಸ್ಕೊಂಡಿದ್ದ ಸಾಮಾನ್ಯ ಮನುಷ್ಯ, ರೂಲ್ಸ್‌ಗೆ ಹೆದರ್ಕೊಂಡು ಬದುಕ್ತಿದ್ದೋನು ರೌಡಿ ಆಗೋ ಕಥೆ ಅದು, ಆ ಫೈನ್ ಇಲ್ದಿದ್ರೆ ಅವನು ಎಲ್ಲಿಂದ ಎಲ್ಲಿಗೆ ಬಂದ ಅಂತಾನೇ ಗೊತ್ತಾಗ್ತಿರ್ಲಿಲ್ಲ.

ರೆಡ್ ಡೆಡ್ ರಿಡೆಂಪ್ಷನ್ 2 ಇದಕ್ಕಿಂತ ಮುಂದೆ ಹೋಗತ್ತೆ. 2018ರಲ್ಲಿ ಬಂತು, ಪಿಸಿಗೆ ಹಾಕೋರು 150 ಜಿಬಿ ಜಾಗ ಖಾಲಿ ಇಟ್ಕೊಳ್ಳಿ. ಎಲ್ಲರೂ ಅದನ್ನ ನಿಧಾನ ಅಂತಾರೆ, ನಿಧಾನಾನೇ ಹೌದು. ಜಿಂಕೆ ಹೊಡೆದ್ರೆ ಚರ್ಮ ಸುಲೀಬೇಕು, ಹೊತ್ಕೊಂಡು ಬಂದು ಕುದುರೆ ಮೇಲೆ ಹಾಕ್ಬೇಕು, ಕುದುರೆಗೆ ತಿನ್ನಿಸ್ಬೇಕು ಉಜ್ಬೇಕು, ಗನ್‌ಗೆ ಎಣ್ಣೆ ಹಾಕಿ ಒರೆಸ್ಬೇಕು, ಗಡ್ಡ ಬೆಳೆಯತ್ತೆ ಬೋಳಿಸ್ಬೇಕು. ಹಿಂಗೆ ನಲವತ್ತು ಐವತ್ತು ಗಂಟೆ ಹೀರೋ ಆರ್ಥರ್ ಮಾರ್ಗನ್ ಮೈಯನ್ನ ನಾವೇ ನೋಡ್ಕೊಂಡಿರ್ತೀವಿ. ಶುರುವಿನಲ್ಲಿ ಸಾಲ ವಸೂಲಿಗೆ ಅಂತ ಹೋಗಿ ಒಬ್ಬ ಬಡ ರೈತನಿಗೆ ಹೊಡೀತೀವಿ, ಹೊಡೆಯೋದು ನಮ್ಮ ಕೈಯೇ, ಅವನು ಕೆಮ್ತಾನೆ, ರಕ್ತ ಮುಖಕ್ಕೆ ಹಾರತ್ತೆ, ನಾವು ಮರ್ತು ಮುಂದೆ ಹೋಗ್ತೀವಿ. ಎಷ್ಟೋ ದಿನ ಆದ್ಮೇಲೆ ಆರ್ಥರ್‌ಗೆ ಕೆಮ್ಮು ಶುರು. ಕ್ಷಯ. ನಾವೇ ತಿನ್ನಿಸಿ ಸಾಕಿದ ಆ ಮೈ ಕಣ್ಮುಂದೆ ಸೊರಗತ್ತೆ. ಮೊದಲಿಂದ ಆ ನಿಧಾನ ಇಲ್ದಿದ್ರೆ ಆ ಕೆಮ್ಮು ನನಗೆ ತಾಗ್ತಾನೇ ಇರ್ಲಿಲ್ಲ, ಹಂಗಾಗಿ ಬೋರು ಅಂತ ಅರ್ಧಕ್ಕೆ ಬಿಟ್ಟೋರಿಗೆಲ್ಲ ನಾನು ಕೈ ಮುಗಿದು ಕೇಳ್ಕೊಳ್ಳೋದು, ಇನ್ನೊಂದ್ಸಲ ಕೂತ್ಕೊಳ್ಳಿ.

ಇನ್ನು ನಮ್ಮೂರಿನ ಗೇಮ್‌ಗೆ ಬರೋಣ. ತಮ್ಮ ಓಡಿಸಿ ಮುಗಿಸಿದ್ದು ಅದೇ, ಅನ್‌ಚಾರ್ಟೆಡ್ ಲಾಸ್ಟ್ ಲೆಗಸಿ, 2017 ಆಗಸ್ಟ್‌ನಲ್ಲಿ ಬಂದಿದ್ದು. ಕ್ಲೋಯಿ ಫ್ರೇಜರ್, ನಾಡೀನ್ ರಾಸ್ ಅಂತ ಇಬ್ಬರು ಹೆಂಗಸರು ಪಶ್ಚಿಮ ಘಟ್ಟದಲ್ಲಿ ಹೊಯ್ಸಳರು ಬಚ್ಚಿಟ್ಟ ಗಣೇಶನ ದಂತ ಹುಡುಕ್ತಾರೆ, ಹಳೇಬೀಡು ಬೇಲೂರು ಅಂತ ಹೆಸರು ಸಮೇತ ಬರತ್ತೆ. ಮೊದಲನೇ ಸಲ ಆಡಿದಾಗ ನನಗೆ ಕೋಪ ಬಂದಿತ್ತು. ಹಳೇಬೀಡು ನೋಡಿರೋರಿಗೆ ಗೊತ್ತು, ಅದು ಬಯಲುಸೀಮೆ ಮುಖ, ಬೇಲೂರಿಂದ ಬರೀ 16 ಕಿಲೋಮೀಟರ್, ಗೇಮ್‌ನಲ್ಲಿ ನೋಡಿದ್ರೆ ಜಲಪಾತ, ಕಣಿವೆ, ಬೆಟ್ಟದಷ್ಟು ಎತ್ತರದ ವಿಗ್ರಹಗಳು. ಹೊಯ್ಸಳರ ಕೆಲಸ ಹಂಗಿಲ್ಲ, ನಕ್ಷತ್ರದಾಕಾರದ ಜಗಲಿ, ಅದರ ಮೇಲೆ ತಗ್ಗಾದ ಗುಡಿ, ಬಳಪದ ಕಲ್ಲಲ್ಲಿ ಬಳೆ ಬೆರಳು ಕಾಣೋ ಹಂಗೆ ಸಣ್ಣ ಕೆತ್ತನೆ. ಎತ್ತರದ ವಿಗ್ರಹ ಬೇಕಂದ್ರೆ ನಮ್ಮ ಜಿಲ್ಲೇಲಿ ಶ್ರವಣಬೆಳಗೊಳದ ಗೊಮ್ಮಟ ಇದಾನೆ, 57 ಅಡಿ, ಅದು ಹೊಯ್ಸಳರಿಗಿಂತ ಮುಂಚೆ ಗಂಗರ ಕಾಲದ ಚಾವುಂಡರಾಯ ಮಾಡಿಸಿದ್ದು. ಆನೆ ಮೇಲೆ ಕೂತು ಹೋಗೋ ಸೀನ್ ಬೇರೆ ಇದೆ, ನಮ್ಮ ಕಡೆ ಆನೆ ಬಂದಿದೆ ಅಂತ ಸುದ್ದಿ ಬಂದ್ರೆ ಅವತ್ತು ತೋಟಕ್ಕೆ ಆಳುಗಳು ಬರೋಕೇ ಹೆದರ್ತಾರೆ.

ಎರಡನೇ ಸಲ ಆಡುವಾಗ ಮಾತು ಕೇಳಿಸ್ಕೊಂಡೆ. ಕ್ಲೋಯಿ ಅಪ್ಪ ಇಂಡಿಯಾದವನು, ಇದೇ ದಂತದ ಹುಚ್ಚಲ್ಲಿ ಅವಳನ್ನ ಅವಳಮ್ಮನ್ನ ಬಿಟ್ಟು ದೂರ ಹೋದೋನು. ಅವಳು ನಾಡೀನ್‌ಗೆ ಗಣೇಶನ ಕಥೆ ಹೇಳ್ತಾಳೆ, ಪರಶುರಾಮ ಕೊಡಲಿ ಬೀಸಿದಾಗ ಅದು ಅಪ್ಪ ಶಿವ ಕೊಟ್ಟ ಕೊಡಲಿ ಅಂತ ಗಣೇಶ ತಡೀದೆ ಏಟು ತಗೊಂಡ ಅಂತ. ಅಪ್ಪನ ಮೇಲಿನ ಪ್ರೀತಿಗೆ ಒಂದು ಅಂಗ ಕಳ್ಕೊಂಡೋನ ಕಥೆ, ಅದನ್ನ ಅಪ್ಪ ಬಿಟ್ಟುಹೋದ ಮಗಳು ಹೇಳ್ತಿದಾಳೆ. ಕಲ್ಲು ಸುಳ್ಳು, ಹುಡುಗಿ ಮನಸ್ಸು ನಿಜ. ನನಗೆ ಕಲ್ಲೂ ನಿಜ ಇದ್ದಿದ್ರೆ ಚೆನ್ನಾಗಿತ್ತು ಅಂತ ಈಗ್ಲೂ ಅನ್ಸತ್ತೆ, ಆದ್ರೆ ಎರಡರಲ್ಲಿ ಒಂದೇ ಸಿಗೋದು ಅಂದ್ರೆ ಮನಸ್ಸನ್ನೇ ಇಟ್ಕೊಳ್ತೀನಿ.

ಇದನ್ನ ಅಭ್ಯಾಸ ಮಾಡೋಕೆ ಗೇಮೇ ಬೇಕು ಅಂತಿಲ್ಲ, ಹಳೇಬೀಡಿಗೆ ಹೋಗಿ. ಹೊಯ್ಸಳೇಶ್ವರ ಗುಡಿ ಗೋಡೆಗೆ ಮುಖ ಹತ್ರ ಇಟ್ಕೊಂಡು ಸುತ್ತು ಬನ್ನಿ, ಎಲ್ಲಕ್ಕಿಂತ ಕೆಳಗೆ ಆನೆ ಸಾಲು, ಮೇಲೆ ಮೇಲೆ ಸಿಂಹ, ಬಳ್ಳಿ, ಕುದುರೆ, ಅದರ ಮೇಲೆ ರಾಮಾಯಣ ಮಹಾಭಾರತದ ಸಾಲು. ನೀವು ನಿಂತ್ರೆ ಕಥೆ ನಿಲ್ಲತ್ತೆ, ನಡೆದ್ರೆ ನಡೆಯತ್ತೆ. ಒಂದು ಕಡೆ ಚಕ್ರವ್ಯೂಹ ಕೆತ್ತಿದಾರೆ, ಸುತ್ತು ಸುತ್ತಾಗಿ ಒಳಗೆ ಹೋಗೋ ದಾರಿ. ಬೆರಳು ಮುಟ್ಟಿಸ್ದೆ ಕಣ್ಣಲ್ಲೇ ಆ ದಾರೀಲಿ ಹೋಗಿ ನೋಡಿ, ಅಭಿಮನ್ಯು ಸಿಕ್ಕಾಕೊಂಡಿದ್ದು ಹೆಂಗೆ ಅಂತ ಮೈಗೆ ತಿಳಿಯತ್ತೆ. ಗೈಡ್ ಹೇಳಿದ್ದು ಮರೀಬಹುದು, ಆ ಸುತ್ತು ಮರೆಯಲ್ಲ.

ಸರಿ, ಈಗ ಪಾರ್ಟ್ ಟೂ. ಗೇಮ್ ಮುಗಿದ ದಿನಾನೇ ತೀರ್ಮಾನ ಮಾಡ್ಬೇಡಿ, ಅವತ್ತು ಎಲ್ಲರಿಗೂ ಇನ್ನೂ ಬೇಕು ಅಂತಾನೇ ಅನ್ಸತ್ತೆ, ಹಬ್ಬ ಮುಗಿದ ರಾತ್ರಿ ಥರ. ಒಂದು ವಾರ ಬಿಟ್ಟು ನೋಟ್‌ಬುಕ್ ತೆಗೆದು, ಇವನದ್ದು ಇನ್ನೇನು ಬಾಕಿ ಇದೆ ಅಂತ ಒಂದೇ ಒಂದು ಸಾಲು ಬರೆಯೋಕೆ ನೋಡಿ. ಬರೆಯೋಕಾಗ್ಲಿಲ್ಲ, ಆದ್ರೂ ಅವರ ಜೊತೆ ಇರ್ಬೇಕು ಅನ್ಸತ್ತೆ ಅಂದ್ರೆ ಮೊದಲನೇದನ್ನೇ ಇನ್ನೊಂದ್ಸಲ ಆಡಿ, ಹೊಸ ಗೇಮ್‌ಗೆ ನಾಕೈದು ಸಾವಿರ ಹಾಕೋ ಅಗತ್ಯ ಇಲ್ಲ.

ಬಾಕಿ ಇದೆ ಅಂದ್ರೆ ಎಂಥ ಬಾಕಿ ಅಂತ ನೋಡಿ. 2007ರಲ್ಲಿ ಬಂದ ಹಾಫ್ ಲೈಫ್ 2 ಎಪಿಸೋಡ್ ಟೂ ಒಂದು ಸಾವಿನ ಮುಂದೆ ನಮ್ಮನ್ನ ನಿಲ್ಸಿ ಮುಗೀತು, ಅದು ವಾಕ್ಯ ಅರ್ಧಕ್ಕೆ ಬಿಟ್ಟ ಹಂಗೆ, ಅಂಥದ್ದಕ್ಕೆ ಮುಂದಿನ ಭಾಗ ಕೊಡೋದು ಕೈ ಹಾಕಿದೋರ ಜವಾಬ್ದಾರಿ. ಲಾಸ್ಟ್ ಆಫ್ ಅಸ್ ಹಂಗಲ್ಲ. ಆಸ್ಪತ್ರೇಲಿ ನಡೆದಿದ್ದರ ಬಗ್ಗೆ ಜೋಯಲ್ ಸುಳ್ಳು ಹೇಳ್ತಾನೆ, ಹುಡುಗಿ ಎಲ್ಲಿ ಅವನ ಮುಖ ನೋಡಿ ಓಕೆ ಅಂತಾಳೆ, ಅಲ್ಲಿಗೆ ಮುಗೀತು, ಅದಕ್ಕಿಂತ ಒಳ್ಳೇ ಕೊನೆ ನಾನು ನೋಡಿಲ್ಲ. 2020ರಲ್ಲಿ ಎರಡನೇ ಭಾಗ ಬರತ್ತೆ ಅಂದಾಗ ನನಗೆ ಬೇಡವಾಗಿತ್ತು. ಆಡಿದ್ಮೇಲೆ ಗೊತ್ತಾಯ್ತು, ಅವರು ಹಿಡ್ಕೊಂಡಿದ್ದು ಆ ಡಾಕ್ಟರ್‌ನ. ಅವನಿಗೊಬ್ಬ ಮಗಳಿದ್ಳು ಆಬಿ ಅಂತ, ಅರ್ಧ ಗೇಮ್ ಅವಳಾಗಿ ಆಡ್ಬೇಕು. ಉದ್ದ ಜಾಸ್ತಿ ಆಯ್ತು, ಇಬ್ಬರೂ ಹೊಡೆದಾಡೋದನ್ನ ಎಷ್ಟು ಸಲ ನೋಡೋದು. ಆದ್ರೂ ನಾನು ಬಟನ್ ಒತ್ತಿದ್ದಕ್ಕೆ ಯಾರೋ ಬಂದು ಲೆಕ್ಕ ಕೇಳಿದ್ರಲ್ಲ, ಅದು ಸರಿಯಾದ ಬಾಕಿ.

ಹಿಂದಿನ ಕಥೆ ಹೇಳೋ ಭಾಗಗಳ ಬಗ್ಗೆ, ಕೊನೆ ಮೊದಲೇ ಗೊತ್ತಿದ್ರೆ ಏನು ಮಜಾ ಅಂತ ಕೇಳ್ತಾರೆ. ರೆಡ್ ಡೆಡ್ 2 ನಡೆಯೋದು 1899ರಲ್ಲಿ, 2010ರಲ್ಲಿ ಬಂದ ಮೊದಲನೇದರ ಕಥೆ ಅದಾದ್ಮೇಲಿಂದು, ಆರ್ಥರ್ ಇರೋ ಡಕಾಯಿತರ ಗ್ಯಾಂಗ್ ಒಡೆದು ಹೋಗತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ಅಭಿಮನ್ಯು ಸಾಯ್ತಾನೆ ಅಂತ ಗೊತ್ತಿದ್ದೇ ತಾನೇ ನಾವು ಚಾಪೆ ಕಂಬಳಿ ತಗೊಂಡು ಹೋಗಿ ಬೆಳಗಿನ ಜಾವದವರೆಗೂ ಯಕ್ಷಗಾನ ನೋಡೋದು.

ಬೇಡವಾಗಿದ್ದು ಅಂದ್ರೆ ನನಗೆ ಪ್ರಿನ್ಸ್ ಆಫ್ ಪರ್ಷಿಯಾ ನೆನಪಾಗತ್ತೆ. 2003ರ ಸ್ಯಾಂಡ್ಸ್ ಆಫ್ ಟೈಮ್‌ನಲ್ಲಿ ರಾಜಕುಮಾರ ಇಡೀ ಕಥೇನ ಫರಾ ಅನ್ನೋ ರಾಜಕುಮಾರಿಗೆ ಹೇಳ್ತಿರ್ತಾನೆ, ಕಾಲ ಹಿಂದಕ್ಕೆ ತಿರುಗಿದ್ರಿಂದ ಅವಳಿಗೆ ಅವನ ಪರಿಚಯಾನೇ ಇಲ್ಲ. ಅವಳು ಹಿಂದೆ ಅವನಿಗೆ ಮಾತ್ರ ಹೇಳಿದ್ದ ಗುಟ್ಟಿನ ಪದಾನ ಅವಳಿಗೇ ಹೇಳಿ ಹೊರಟುಹೋಗ್ತಾನೆ. ಆ ಪದ ಕಾಕೋಲೂಕೀಯಮ್, ನಮ್ಮ ಪಂಚತಂತ್ರದ ಕಾಗೆ ಗೂಬೆ ಕಥೆಗಳ ಭಾಗದ ಹೆಸರು. ಏನೂ ಬಾಕಿ ಇಲ್ಲ ಅಲ್ಲಿ. ಮುಂದಿನ ವರ್ಷವೇ ಎರಡನೇದು ಬಂತು, ಅದೇ ಹುಡುಗ ಹಲ್ಲು ಕಡೀತಾ, ಹಿಂದೆ ಗಿಟಾರ್ ಅರಚ್ತಾ. ಹೊಡೆದಾಟ ಚೆನ್ನಾಗಿತ್ತು, ಹುಡುಗ ಬೇರೆ ಯಾರೋ ಆಗಿದ್ದ.

ನನಗೆ ಇಷ್ಟ ಆಗೋ ದಾರಿ ಲಾಸ್ಟ್ ಲೆಗಸಿದು. 2016ರಲ್ಲಿ ಅನ್‌ಚಾರ್ಟೆಡ್ 4 ಆ ಗೇಮ್‌ಗಳ ಹೀರೋ ನೇಥನ್ ಡ್ರೇಕ್ ಕಥೇನ ನೆಮ್ಮದಿಯಾಗಿ ಮುಗಿಸ್ತು. ಅವನನ್ನ ಮತ್ತೆ ಎಳೆದು ತರ್ದೆ ಪಕ್ಕದಲ್ಲಿ ನಿಂತಿದ್ದೋಳ ಕಥೆ ಹೇಳಿದ್ರು, ಅದಕ್ಕೇ ಸೇರಿಸೋ ಸಣ್ಣ ಭಾಗ ಅಂತ ಶುರು ಮಾಡಿದ್ದು ಬೆಳೆದು ಬೇರೆ ಗೇಮೇ ಆಯ್ತು, ಆದ್ರೂ ಎರಡು ಭಾನುವಾರಕ್ಕೆ ಮುಗಿಯೋಷ್ಟೇ. ಹೊಸದಾಗಿ ಶುರು ಮಾಡೋರು ಇದರಿಂದಾನೇ ಶುರು ಮಾಡಿ, ಹಳೇ ಡಿಸ್ಕ್ ಕಮ್ಮಿಗೆ ಸಿಗತ್ತೆ.

ತಮ್ಮ ದಸರಾ ರಜೆಗೆ ಮತ್ತೆ ಬಂದ. ಈ ಸಲ ಸಬ್‌ಟೈಟಲ್ ಅವನೇ ಹಾಕ್ಕೊಂಡ. ಗಣೇಶನ ಕಥೆ ಬಂದಾಗ ಗೇಮ್ ನಿಲ್ಸಿ, ಅಡುಗೆಮನೇಲಿ ಕಾಯಿ ತುರೀತಿದ್ದ ಅಜ್ಜಿ ಹತ್ರ ಓಡಿ, "ಅಜ್ಜಿ, ಗಣಪತಿ ದಂತ ಮುರಿದಿದ್ದು ಪರಶುರಾಮನಾ" ಅಂತ ಕೇಳ್ದ. "ಇಲ್ಲ ಕಣೋ ಮಗ, ಚಂದ್ರ ನಕ್ಕಿದ್ದಕ್ಕೆ ಗಣಪತೀನೇ ಮುರಿದು ಎಸ್ದಿದ್ದು" ಅಂದ್ರು ಅಜ್ಜಿ. ಅವನು ವಾಪಸ್ ಬಂದು ನೋಟ್‌ಬುಕ್‌ನಲ್ಲಿ ಎರಡನ್ನೂ ಒಂದರ ಕೆಳಗೊಂದು ಬರ್ಕೊಂಡು, ಕ್ಲೋಯಿಗೆ ಯಾಕೆ ಆ ಕಥೇನೇ ಬೇಕಾಯ್ತು ಅಂತ ಪಕ್ಕದಲ್ಲಿ ಒಂದು ಪ್ರಶ್ನೆ ಹಾಕಿ, ಆಮೇಲೆ ಪ್ಲೇ ಒತ್ತಿದ.