ಕಲಬುರಗಿಯಲ್ಲಿ ದಿನಾಲೂ ಓಡುವ ಕೇಮನ್: ನನ್ನ ಅನುಭವ

ಎರಡೇ ಸೀಟಿನ, ನೆಲಕ್ಕೆ ಹತ್ತಿರ ಕೂರುವ ಪೋರ್ಷೆ 718 ಕೇಮನ್ ಸ್ಪೋರ್ಟ್ಸ್ ಕಾರನ್ನು ಕಲಬುರಗಿಯಲ್ಲಿ ದಿನಬಳಕೆಗೆ ಇಟ್ಟುಕೊಂಡು ಮೂರ್ನಾಲ್ಕು ಬೇಸಿಗೆಗಳು ದಾಟಿವೆ. ಸೇಡಂ ರಸ್ತೆಯ ಮನೆಯಿಂದ ಗಂಜ್‌ಗೆ (ಧಾನ್ಯದ ಸಗಟು ಮಾರುಕಟ್ಟೆಗೆ), ಅಲ್ಲಿಂದ ಕಪನೂರಿನ ನಮ್ಮ ದಾಲ್‌ಮಿಲ್ಲಿಗೆ, ನಡುನಡುವೆ ಖರೀದಿಗೆಂದು ಜೇವರ್ಗಿ, ಹುಮನಾಬಾದ್, ಯಾದಗಿರಿ ಕಡೆಗೆ ಓಡಾಡಿ ಮೀಟರಿನಲ್ಲಿ ಸುಮಾರು ನಲವತ್ತು ಸಾವಿರ ಕಿಲೋಮೀಟರ್ ಏರಿದೆ. ಗಾಡಿ ತಂದ ಹೊಸದರಲ್ಲಿ ಗಂಜ್‌ನ ಹಿರಿಯ ಅಡತಿಗಾರರೊಬ್ಬರು (ದಲಾಲಿ ವ್ಯಾಪಾರಿ), "ತಮ್ಮಾ, ಇದು ಬೆಂಗಳೂರಾಗ ಓಡಸೋ ಗಾಡಿ ಅದ. ನಮ್ಮ ತಗ್ಗು-ದಿನ್ನಿಯಾಗ ಆರ್ ತಿಂಗಳು ತಾಳಿದ್ರ ಬಂದು ನನಗ ಹೇಳು" ಎಂದಿದ್ದರು. ಹೈದರಾಬಾದಿನಲ್ಲಿ ಇಂಥದೇ ಗಾಡಿ ಇಟ್ಟುಕೊಂಡಿರುವ ಸ್ನೇಹಿತರೂ ಭಾನುವಾರಕ್ಕಷ್ಟೇ ಹೊರಗೆ ತೆಗೆಯಬೇಕೆಂದು ಬುದ್ಧಿ ಹೇಳಿದ್ದರು. ಅವರ ಗಾಡಿಗಳಲ್ಲಿ ಎರಡು ಹೊದಿಕೆಯ ಕೆಳಗೆ ನಿಂತಲ್ಲೇ ಬ್ಯಾಟರಿ ಸತ್ತು, ಟೈರು ಚಪ್ಪಟೆಯಾಗಿ, ಒಂದರ ವೈರಿಂಗನ್ನು ಇಲಿ ಕಡಿದು ಲಕ್ಷದ ಮೇಲೆ ಖರ್ಚಾಯಿತು. ನನ್ನದು ದಿನಾಲೂ ಓಡಿಯೂ ಇಂದಿಗೂ ಗಟ್ಟಿಯಾಗಿದೆ. ಹೇಗೆಂದು ಕೇಳುವವರು ಹೆಚ್ಚಾಗಿರುವುದರಿಂದ ಬರೆಯುತ್ತಿದ್ದೇನೆ.

ಅರ್ಧ ಕೆಲಸ ಕೊಳ್ಳುವಾಗಲೇ ಮುಗಿದಿತ್ತೆಂದು ಧೈರ್ಯವಾಗಿ ಹೇಳಬಲ್ಲೆ. ಹೊಸದರಲ್ಲಿ ಎಂಬತ್ತು ಲಕ್ಷದ ಮೇಲಿದ್ದ ಗಾಡಿಯನ್ನು ನಾನು ಹಳೆಯದಾಗಿ ಐವತ್ತರ ಆಸುಪಾಸಿನಲ್ಲಿ ಬೆಂಗಳೂರಿನಿಂದ ತಂದೆ. ಹೈದರಾಬಾದಿನಲ್ಲಿ ಇನ್ನೂ ಮೂರ್ನಾಲ್ಕು ಲಕ್ಷ ಕಡಿಮೆಗೆ ಸಿಗುತ್ತಿತ್ತು, ಆದರೆ ಅಲ್ಲಿಯ ನೋಂದಣಿಯ ಗಾಡಿಗೆ ಕರ್ನಾಟಕದ ಆಜೀವ ತೆರಿಗೆಯನ್ನು ಮತ್ತೆ ಕಟ್ಟಬೇಕು. ಇಪ್ಪತ್ತು ಲಕ್ಷದ ಮೇಲಿನ ಕಾರಿಗೆ ನಮ್ಮಲ್ಲಿ ತೆರಿಗೆ ಶೇ. 18 ಇದ್ದು, ಗಾಡಿಯ ವಯಸ್ಸಿನ ರಿಯಾಯಿತಿ ಕಳೆದರೂ ಆ ಉಳಿತಾಯ ಪೂರ್ತಿ ನುಂಗಿಹೋಗುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, 20 ಇಂಚಿನ ಚಕ್ರದ ಗಾಡಿಗಳನ್ನೆಲ್ಲ ಬಿಟ್ಟು, ನೋಡಲು ಸಪ್ಪೆಯೆಂದು ಯಾರೂ ಕೇಳದ 18 ಇಂಚಿನ ಚಕ್ರದ ಗಾಡಿಯನ್ನೇ ಹುಡುಕಿದೆ. ಮುಂದಿನ 235/45 ಟೈರಿನ (ಅಗಲ 235 ಮಿ.ಮೀ., ಗೋಡೆಯ ಎತ್ತರ ಅದರ ಶೇ. 45) ಪಕ್ಕದ ಗೋಡೆ ಸುಮಾರು 106 ಮಿ.ಮೀ. ಎತ್ತರವಿರುತ್ತದೆ, 20 ಇಂಚಿನ 235/35ರಲ್ಲಿ ಅದು 82ಕ್ಕೆ ಇಳಿಯುತ್ತದೆ. ಆ ಎರಡು ಸೆಂಟಿಮೀಟರಿನಷ್ಟು ಹೆಚ್ಚಿನ ರಬ್ಬರೇ ನನ್ನ ರಿಮ್ಮುಗಳನ್ನು ಉಳಿಸಿದೆ. ಎಲೆಕ್ಟ್ರಾನಿಕ್ ಡ್ಯಾಂಪರಿನ (ಶಾಕ್ ಅಬ್ಸಾರ್ಬರಿನ) ಗಾಡಿ ಹತ್ತು ಮಿ.ಮೀ. ತಗ್ಗಾಗಿ ಕೂರುವುದರಿಂದ ಅದನ್ನೂ ಬಿಟ್ಟೆ.

ರಸ್ತೆಯ ಉಬ್ಬುಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಎಲ್ಲರ ಮೊದಲ ಪ್ರಶ್ನೆ ಅದೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಮತ್ತು 17 ಮೀಟರ್ ತ್ರಿಜ್ಯದ್ದು. ಕೇಮನ್‌ನ ಎರಡು ಅಚ್ಚುಗಳ ನಡುವಿನ ಅಂತರ 2,475 ಮಿ.ಮೀ. ಲೆಕ್ಕ ಹಾಕಿ ನೋಡಿದರೆ ಅಂಥ ಉಬ್ಬಿನ ಮೇಲೆ ಗಾಡಿಯ ನಡುಭಾಗಕ್ಕೆ ಬೇಕಾಗುವುದು ನಾಲ್ಕೂವರೆ ಸೆಂಟಿಮೀಟರ್ ಮಾತ್ರ, ನಮ್ಮ ಹೊಟ್ಟೆಯ ಕೆಳಗೆ ಹದಿಮೂರರ ಹತ್ತಿರ ಇರುತ್ತದೆ. ಕಷ್ಟ ಕೊಡುವುದು ಊರವರು ಡಾಂಬರೋ ಸಿಮೆಂಟೋ ಸುರಿದು ತಾವೇ ಹಾಕಿಕೊಂಡ, ಒಂದು ಮೊಳ ಅಗಲದ ಎತ್ತರದ ಒಡ್ಡುಗಳು. ಅವುಗಳನ್ನು ನಾನು ಓರೆಯಾಗಿ, ಒಂದೊಂದೇ ಚಕ್ರ ಏರುವಂತೆ ದಾಟುತ್ತೇನೆ. ಹಿಂದಿನವರು ಹಾರ್ನ್ ಹೊಡೆದರೂ ಅವಸರ ಮಾಡುವುದಿಲ್ಲ. ಇಳಿಯುವಾಗ ಬ್ರೇಕ್ ಒತ್ತಿದರೆ ಮೂತಿ ಕುಗ್ಗಿ ಬಂಪರಿನ ಕೆಳತುಟಿ ನೆಲಕ್ಕೆ ತಾಗುತ್ತದೆ, ಆದ್ದರಿಂದ ಬ್ರೇಕು ಏರುವ ಮೊದಲೇ ಮುಗಿದಿರಬೇಕು.

ಗಾಡಿಯನ್ನೇ ಎತ್ತರಿಸುವ ದಾರಿಯನ್ನೂ ಪರೀಕ್ಷಿಸಿದೆ. ಸ್ಪ್ರಿಂಗಿನ ಮೇಲೆ ಸುಮಾರು ಎರಡು ಸೆಂಟಿಮೀಟರಿನ ಸ್ಪೇಸರ್ (ಎತ್ತರಿಸುವ ಬಿಲ್ಲೆ) ಹಾಕಿಸಿದಾಗ ಒಡ್ಡುಗಳೇನೋ ಸುಲಭವಾದವು, ಆದರೆ ಹೆದ್ದಾರಿಯಲ್ಲಿ ಸ್ಟಿಯರಿಂಗ್ ಹಗುರಾಗಿ, ಹಿಂದಿನ ಟೈರುಗಳು ಒಂದೇ ಅಂಚಿನಲ್ಲಿ ಸವೆಯತೊಡಗಿದವು. ಅಲೈನ್‌ಮೆಂಟ್ ಮತ್ತೆ ಮತ್ತೆ ಮಾಡಿಸಿದರೂ ಆ ಹಳೆಯ ನಡಿಗೆ ಬರಲಿಲ್ಲ. ಸುಮಾರು ಅರವತ್ತು ಸಾವಿರ ಅದಕ್ಕೇ ಹೋಯಿತು, ಸ್ಪೇಸರ್ ಈಗ ಗೋದಾಮಿನಲ್ಲಿವೆ. ಮೂತಿ ಎತ್ತುವ ಹೈಡ್ರಾಲಿಕ್ ಕಿಟ್‌ಗೆ ನಾಲ್ಕು ಲಕ್ಷದಷ್ಟು ಹೇಳಿದರು. ಆ ದುಡ್ಡಿಗೆ ಎಷ್ಟು ಜೊತೆ ಟೈರು ಬರುತ್ತವೆಂದು ಎಣಿಸಿ ಬೇಡವೆಂದೆ.

ಆದರೆ ಕಲಬುರಗಿಯಲ್ಲಿ ಇಂಥ ಗಾಡಿಯ ನಿಜವಾದ ವೈರಿ ಉಬ್ಬು-ತಗ್ಗುಗಳಲ್ಲ, ಧೂಳು. ಶಹಾಬಾದ್, ವಾಡಿ, ಮಳಖೇಡ, ಸೇಡಂ ಭಾಗವೆಲ್ಲ ಸುಣ್ಣಕಲ್ಲಿನ ನೆಲ. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಗಳು, ಸಿಮೆಂಟ್ ಕಾರ್ಖಾನೆಗಳು, ಅವುಗಳ ಲಾರಿಗಳು ಎಬ್ಬಿಸುವ ಬಿಳಿಪುಡಿ ಹಿಟ್ಟಿನಷ್ಟು ನಯವಾಗಿರುತ್ತದೆ. ಇದರ ಮೇಲೆ ಮಿಲ್ಲಿನ ತೊಗರಿ ಹೊಟ್ಟು, ಸುಗ್ಗಿಯಲ್ಲಿ ಜಿನ್ನಿಂಗ್ ಕಾರ್ಖಾನೆಗೆ ಹೋಗುವ ಲಾರಿಗಳಿಂದ ಉದುರುವ ಹತ್ತಿಯ ಎಳೆ. ಕೇಮನ್‌ನ ಎಂಜಿನ್ ನಡುವೆ ಇದ್ದರೂ ರೇಡಿಯೇಟರುಗಳು ಮುಂದಿನ ಬಂಪರಿನ ಎರಡು ಮೂಲೆಗಳಲ್ಲಿವೆ, ಅವುಗಳ ಮುಂದೆ ಏಸಿಯ ಕಂಡೆನ್ಸರುಗಳು. ಗಾಳಿಯ ಬಾಯಿ ನೆಲಕ್ಕೆ ಹತ್ತಿರವಿರುವುದರಿಂದ ಇವೆಲ್ಲ ಅಲ್ಲಿಯೇ ಸೇರುತ್ತವೆ, ಮೊದಲ ಮಳೆಗೆ ಕೆಸರಾಗಿ ಗಟ್ಟಿಯಾಗುತ್ತವೆ. ಮೊದಲ ಮೇ ತಿಂಗಳಲ್ಲಿ, ಹೊರಗೆ 43 ಡಿಗ್ರಿ ಇದ್ದಾಗ, ಏಸಿ ಮಧ್ಯಾಹ್ನ ಬೆಚ್ಚನೆಯ ಗಾಳಿ ಊದಿತು. ನೀರಿನ ತಾಪಮಾನ ಎಂದಿನ 90ರಿಂದ 105ರ ಹತ್ತಿರ ಸರಿಯಿತು. ದೊಡ್ಡ ನಗರದ ಗ್ಯಾರೇಜೊಂದರಲ್ಲಿ ಗ್ಯಾಸ್ ತುಂಬಿ, ಕಂಪ್ರೆಸರ್ ಬದಲಿಸಬೇಕೆಂದು ಒಂದೂವರೆ ಲಕ್ಷದ ಅಂದಾಜು ಕೊಟ್ಟರು. ನಾನು ಒಪ್ಪದೆ ಊರಿಗೆ ತಂದು, ರಿಂಗ್ ರೋಡಿನ ಒಬ್ಬ ಗಾಡಿ ಮೇಸ್ತ್ರಿಯ (ಮೆಕ್ಯಾನಿಕ್) ಜೊತೆ ಕೂತು ಬಂಪರ್ ಬಿಚ್ಚಿಸಿದೆ. ಎರಡೂ ಮೂಲೆಗಳಿಂದ ಒಂದು ಬುಟ್ಟಿಯಷ್ಟು ಹೊಟ್ಟು, ಹತ್ತಿ, ಬೇವಿನ ಎಲೆ ಹೊರಬಂದವು. ಮೆತ್ತಗೆ ಹಿಂದಿನಿಂದ ಮುಂದಕ್ಕೆ ನೀರು ಬಿಟ್ಟು ತೊಳೆದ ಮೇಲೆ ಏಸಿ ಮೊದಲಿನಂತಾಯಿತು. ಕಂಪ್ರೆಸರ್ ಇಂದಿಗೂ ಅದೇ ಇದೆ. ಪ್ರೆಶರ್ ವಾಷರನ್ನು ಮಾತ್ರ ಅಲ್ಲಿಗೆ ಹಿಡಿಯಬೇಡಿ, ರೇಡಿಯೇಟರಿನ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಅಲ್ಲಿಂದ ಜಾಲರಿಯ ಪ್ರಯೋಗ ಆರಂಭವಾಯಿತು. ಸೊಳ್ಳೆ ಜಾಲರಿ ಹಾಕಿದಾಗ ಕಸ ನಿಂತಿತು, ಗಾಳಿಯೂ ನಿಂತಿತು. ಮಿಲ್ಲಿನ ಜರಡಿಗಳು ನಮ್ಮ ಕೈಯಲ್ಲೇ ಇರುವುದರಿಂದ ಬೇರೆ ಬೇರೆ ಕಣ್ಣಿನ ಜರಡಿ ಬಟ್ಟೆಗಳನ್ನು ಕತ್ತರಿಸಿ ನೋಡಿದೆ. ಐದಾರು ಮಿ.ಮೀ. ಕಣ್ಣಿನ ಸ್ಟೀಲ್ ಜಾಲರಿಯಲ್ಲಿ ಹತ್ತಿ ಮತ್ತು ಎಲೆ ಹೊರಗೇ ಉಳಿದವು, ತಾಪಮಾನದಲ್ಲಿ ಗುರುತಿಸುವಷ್ಟು ವ್ಯತ್ಯಾಸ ಬರಲಿಲ್ಲ. ಬಂಪರಿಗೆ ಒಂದೂ ತೂತು ಕೊರೆಯದೆ ಅದನ್ನು ಹೇಗೆ ಕೂರಿಸಿದೆನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಮೇಸ್ತ್ರಿ ಅದನ್ನು ಇತರ ಗಾಡಿಗಳಿಗೂ ಮಾಡಿಕೊಡಲು ಶುರುಮಾಡಿದ್ದಾರೆ. ಜಾಲರಿ ಇದ್ದರೂ ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಬಂಪರ್ ಇಳಿಸುವುದನ್ನು ತಪ್ಪಿಸುವುದಿಲ್ಲ.

ಏರ್ ಫಿಲ್ಟರಿನಲ್ಲಿಯೂ ಇದೇ ಪಾಠ. ತೊಳೆದು ಎಣ್ಣೆ ಹಚ್ಚುವ ಹತ್ತಿಯ ಫಿಲ್ಟರ್ ಹಾಕಿ ಕೆಲವು ತಿಂಗಳು ಓಡಿಸಿದಾಗ, ಅದರ ಹಿಂದಿನ ಕೊಳವೆಯನ್ನು ಬಿಳಿ ಬಟ್ಟೆಯಿಂದ ಒರೆಸಿದರೆ ಬೂದುಬಣ್ಣದ ಪುಡಿ ಹತ್ತಿತು. ಸುಣ್ಣಕಲ್ಲಿನ ಪುಡಿ ಟರ್ಬೊ ಮತ್ತು ಸಿಲಿಂಡರಿಗೆ ಹೋಗುವುದೆಂದರೆ ನನಗೆ ನಿದ್ದೆ ಬರುವುದಿಲ್ಲ. ಅಂದೇ ಕಾಗದದ ಮೂಲ ಫಿಲ್ಟರಿಗೆ ಮರಳಿದೆ, ಹತ್ತು ಸಾವಿರ ಕಿಲೋಮೀಟರಿಗೆ ಮುಂಚೆಯೇ ಬದಲಿಸುತ್ತೇನೆ.

ಪೆಟ್ರೋಲಿನ ಬಗ್ಗೆ. 2 ಲೀಟರ್ ಟರ್ಬೊ ಎಂಜಿನ್ನು 300 ಅಶ್ವಶಕ್ತಿ ಕೊಡುವುದು ಒಳ್ಳೆಯ ಆಕ್ಟೇನ್ (ಪೆಟ್ರೋಲು ಹೊತ್ತಿಗೆ ಮುಂಚೆ ಸಿಡಿಯದಿರುವ ಗುಣದ ಅಳತೆ) ಸಿಕ್ಕಾಗ. ನಮ್ಮೂರಲ್ಲಿ ಪ್ರೀಮಿಯಂ ಪೆಟ್ರೋಲನ್ನೇ ಹಾಕಿಸುತ್ತೇನೆ, ಹೈದರಾಬಾದಿಗೆ ಹೋದಾಗ 100 ಆಕ್ಟೇನ್ ತುಂಬಿಸುತ್ತೇನೆ. ಜನವರಿಯಲ್ಲಿ ಎರಡರ ವ್ಯತ್ಯಾಸ ನನಗೆ ಗೊತ್ತಾಗಲಿಲ್ಲ. ಮೇ ತಿಂಗಳ ಮಧ್ಯಾಹ್ನ, ಕಟ್ಟಿಸಂಗಾವಿಯ ಭೀಮಾ ಸೇತುವೆ ದಾಟಿ ಜೇವರ್ಗಿ ಕಡೆಗೆ ಲಾರಿ ಹಿಂದಿಕ್ಕುವಾಗ ಸ್ಪಷ್ಟವಾಗಿ ಗೊತ್ತಾಗುತ್ತದೆ. ಕಡಿಮೆ ಆಕ್ಟೇನಿನಲ್ಲಿ ಆ ಸಿಡಿತವನ್ನು ಗುರುತಿಸುವ ನಾಕ್ ಸೆನ್ಸರ್ ಕಿಡಿಯನ್ನು ತಡಮಾಡಿಸಿ ಎಂಜಿನ್ ಮಂದವಾಗುತ್ತದೆ. ಶೇ. 20 ಎಥೆನಾಲ್ ಬಂದ ಮೇಲೆ ಮೈಲೇಜು ಇಳಿದಿದೆ, ಊರೊಳಗೆ ಎಂಟು, ಹೆದ್ದಾರಿಯಲ್ಲಿ ಹನ್ನೆರಡರ ಹತ್ತಿರ. ಎಥೆನಾಲ್ ತೇವ ಹೀರುತ್ತದೆ, ಹಾಗಾಗಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತ ಪೆಟ್ರೋಲನ್ನು ನಾನು ನಂಬುವುದಿಲ್ಲ. ನನ್ನ ಟ್ಯಾಂಕು ಎರಡು-ಮೂರು ವಾರಕ್ಕೊಮ್ಮೆ ಖಾಲಿಯಾಗುತ್ತದೆ, ದಿನಾಲೂ ಓಡಿಸುವವನಿಗೆ ಇದು ದೊಡ್ಡ ಅನುಕೂಲ.

ಜಾತ್ರೆಯ ದಿನಗಳಲ್ಲಿ ಶರಣಬಸವೇಶ್ವರ ಗುಡಿಯ ಸುತ್ತಲಿನ ದಾರಿಗಳನ್ನು ಬಿಟ್ಟು ಹೊರಗಿನಿಂದ ಹೋಗುತ್ತೇನೆ. ಪಿಡಿಕೆ (ಪೋರ್ಷೆಯ ಜೋಡಿ ಕ್ಲಚ್ಚಿನ ಆಟೊಮ್ಯಾಟಿಕ್) ಗೇರ್‌ಬಾಕ್ಸಿನ ಕ್ಲಚ್ಚು ತೆವಳುವ ನಡಿಗೆಯಲ್ಲಿ ಪೂರ್ತಿ ಕಚ್ಚಿಕೊಳ್ಳದೆ ಜಾರುತ್ತಲೇ ಬಿಸಿಯಾಗುತ್ತದೆ. ಸೂಪರ್ ಮಾರ್ಕೆಟ್ ಪ್ರದೇಶದ ದಟ್ಟಣೆಯಲ್ಲಿ ಮುಂದೆ ಒಂದು ಗಾಡಿಯಷ್ಟು ಜಾಗ ಆಗುವವರೆಗೆ ನಿಂತು, ಆಮೇಲೆ ಒಮ್ಮೆಗೇ ಚಲಿಸಬೇಕು. ಬೇಸಿಗೆಯಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೇ ತೆರೆಯುವುದರಿಂದ ಆ ತಿಂಗಳುಗಳಲ್ಲಿ ದಟ್ಟಣೆ ತಪ್ಪಿಸಲು ನಾನು ಏಳಕ್ಕೆ ಮುಂಚೆಯೇ ಮಿಲ್ಲಿನಲ್ಲಿರುತ್ತೇನೆ.

ಸಾಮಾನು ಇಡುವ ಡಿಕ್ಕಿಗಳ ಬಗ್ಗೆ ಒಂದು ಉಪಯುಕ್ತ ಸಂಗತಿ ಸಿಕ್ಕಿತು. ಈ ಗಾಡಿಗೆ ಮುಂದೊಂದು, ಹಿಂದೊಂದು ಡಿಕ್ಕಿ ಇದೆ. ಹಿಂದಿನದು ಎಂಜಿನ್ನಿಗೆ ಅಂಟಿಕೊಂಡಿರುವುದರಿಂದ ಬೇಸಿಗೆಯಲ್ಲಿ ಕೈ ಇಡಲಾಗದಷ್ಟು ಕಾಯುತ್ತದೆ. ಒಂದೇ ಚೀಲದ ತೊಗರಿಯನ್ನು ಎರಡು ಬಟ್ಟೆಗಂಟುಗಳಲ್ಲಿ ಕಟ್ಟಿ, ಒಂದನ್ನು ಮುಂದೆ, ಒಂದನ್ನು ಹಿಂದೆ ಇಟ್ಟು ಯಾದಗಿರಿಯಿಂದ ತಂದು ಅಳೆದಾಗ ಹಿಂದಿನ ಗಂಟಿನ ತೇವಾಂಶ ಒಂದು ಪ್ರತಿಶತದಷ್ಟು ಕಡಿಮೆ ತೋರಿಸಿತು. ಖರೀದಿಯ ದರ ನಿಲ್ಲುವುದೇ ತೇವದ ಮೇಲೆ, ಆದ್ದರಿಂದ ಮಾದರಿಗಳೆಲ್ಲ ಈಗ ಮುಂದಿನ ಡಿಕ್ಕಿಯಲ್ಲಿ ಬರುತ್ತವೆ. ಐವತ್ತು ಕೆ.ಜಿ.ಯ ಚೀಲವನ್ನೂ ಅಲ್ಲಿ ಹಾಕಿ ನೋಡಿದೆ, ಹಿಡಿಯುತ್ತದೆ, ಮೂತಿ ಮಾತ್ರ ಕೆಲವು ಮಿ.ಮೀ. ಕೂರುತ್ತದೆ.

ಮಿಲ್ಲಿನ ಅಂಗಳದಲ್ಲಿ ಇಲಿ-ಹೆಗ್ಗಣಗಳಿಗೆ ಬರವಿಲ್ಲ. ತಂಬಾಕಿನ ಎಲೆ, ನುಸಿಗುಳಿಗೆ, ಕಿವಿಗೆ ಕೇಳದ ಸದ್ದು ಮಾಡುವ ಯಂತ್ರ, ಮೂರನ್ನೂ ಇಟ್ಟು ನೋಡಿದೆ. ಗಾಡಿಯ ತಳದ ತಟ್ಟೆಗಳ ಮೇಲೆ ಹಿಕ್ಕೆ ಸಿಗುವುದು ನಿಲ್ಲಲಿಲ್ಲ. ಹೊಟ್ಟಿನ ಗೋದಾಮಿನಿಂದ ದೂರ, ಸುತ್ತಲೂ ಬಯಲಿರುವ ಫರ್ಸಿ ಕಟ್ಟೆಯ ಮೇಲೆ ರಾತ್ರಿ ದೀಪ ಹಾಕಿ ನಿಲ್ಲಿಸಲು ಆರಂಭಿಸಿದ ಮೇಲೆ ನಿಂತಿತು.

ಮಳೆಗಾಲದಲ್ಲಿ ಎಂಬತ್ತರ ವೇಗಕ್ಕೆ ಸ್ಟಿಯರಿಂಗ್ ನಡುಗಿದರೆ ಬ್ಯಾಲೆನ್ಸಿಂಗ್‌ಗೆ ದುಡ್ಡು ಕೊಡುವ ಮೊದಲು ರಿಮ್ಮಿನ ಒಳಮೈ ನೋಡಿ. ಎರೆಮಣ್ಣು ಅಲ್ಲಿ ಒಂದು ಕಡೆ ಮೆತ್ತಿಕೊಂಡು ಒಣಗಿರುತ್ತದೆ, ತೊಳೆದರೆ ನಡುಕ ಹೋಗುತ್ತದೆ.

ಟೈರೇ ಈ ಊರಿನಲ್ಲಿ ಅತಿ ದುಬಾರಿ ಬಾಬು. ಗಾಡಿಗೆ ಸ್ಟೆಪ್ನಿ ಇಲ್ಲ, ಕೊಟ್ಟಿರುವ ಅಂಟು ಮೊಳೆಯ ತೂತಿಗಷ್ಟೇ ಸಾಲುತ್ತದೆ, ಪಕ್ಕದ ಗೋಡೆ ಸೀಳಿದರೆ ಪ್ರಯೋಜನವಿಲ್ಲ. ಶಹಾಬಾದ್ ರಸ್ತೆಯಲ್ಲಿ ಫರ್ಸಿಯ ಚೂರೊಂದು ಹಾಗೆ ಸೀಳಿದ ಮೇಲೆ, ಮುಂದಿನದೊಂದು ಹಿಂದಿನದೊಂದು ಚಕ್ರವನ್ನು ಟೈರು ಸಮೇತ ಸಿದ್ಧಮಾಡಿ ಮಿಲ್ಲಿನಲ್ಲಿಟ್ಟಿದ್ದೇನೆ. ಫೋನ್ ಮಾಡಿದರೆ ಡ್ರೈವರ್ ಬೊಲೆರೊದಲ್ಲಿ ತರುತ್ತಾನೆ. ಗಾಳಿಯನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಅಳೆದು, ಗಾಡಿಗೆ ಅಂಟಿಸಿದ ಕಂಪನಿಯ ಚೀಟಿಯಲ್ಲಿರುವುದಕ್ಕಿಂತ ಎರಡು ಪಿಎಸ್‌ಐ ಹೆಚ್ಚು ಇಡುತ್ತೇನೆ, ತಗ್ಗಿಗೆ ಬಿದ್ದಾಗ ರಿಮ್ಮು ಉಳಿಯುತ್ತದೆ. ನೈಟ್ರೋಜನ್ ತುಂಬಿಸಿದ್ದರಿಂದ ಯಾವ ಲಾಭವೂ ಕಾಣಲಿಲ್ಲ. ಪೋರ್ಷೆ ಒಪ್ಪಿದ ಎನ್ ಗುರುತಿನ ಟೈರುಗಳು ಇಲ್ಲಿ ಸಿಗುವುದಿಲ್ಲ. ಹೈದರಾಬಾದಿನಲ್ಲಿ ಯಾರಿಂದ, ಯಾವ ದರಕ್ಕೆ ತರುತ್ತೇನೆಂಬುದು ಅವರಿಗೂ ನನಗೂ ನಡುವಿನ ವ್ಯವಹಾರ, ಅದನ್ನು ಕೇಳಬೇಡಿ.

ವರ್ಷದ ಲೆಕ್ಕ ನೆನಪಿನಿಂದ ಹೇಳುವುದಾದರೆ, ಪೆಟ್ರೋಲಿಗೆ ಒಂದೂಕಾಲು ಲಕ್ಷ, ವರ್ಷಕ್ಕೊಮ್ಮೆ ಹೊರಗೆ ಒಯ್ದು ಮಾಡಿಸುವ ಸರ್ವಿಸಿಗೆ ಅಷ್ಟೇ, ವಿಮೆಗೆ ಲಕ್ಷದ ಮೇಲೆ, ಟೈರಿಗೆ ಸರಾಸರಿ ಎಂಬತ್ತು ಸಾವಿರ, ನಡುವಿನ ಆಯಿಲ್, ಫಿಲ್ಟರ್, ಬಂಪರ್ ಕೆಲಸಕ್ಕೆ ಮೂವತ್ತು-ನಲವತ್ತು ಸಾವಿರ. ಒಟ್ಟು ಐದು ಲಕ್ಷದ ಒಳಗೆ. ಹಿಂದಿನ ಚಕ್ರಗಳ ಈಗಿನ ಟೈರುಗಳು ಇಪ್ಪತ್ತು ಸಾವಿರ ಕಿಲೋಮೀಟರಿಗೆ ಹತ್ತಿರವಾಗಿ ಸವೆತದ ಗೆರೆ ಮುಟ್ಟುತ್ತಿವೆ, ಹೊಸ ಜೋಡಿಗೆ ಮುಂಗಡ ಕೊಟ್ಟಾಗಿದೆ, ತೊಗರಿಯ ಆವಕ ಶುರುವಾಗುವ ಮೊದಲೇ ಹಾಕಿಸುತ್ತೇನೆ.