ಎದುರಾಳಿ ಜೊತೆ ಸೇರೋದಾ, ಬೇರೆ ಕಸುಬಿನವರ ಜೊತೆಗಾ?

ತೀರ್ಥಹಳ್ಳಿ ಕಡೆ ನಿಮ್ಮದೊಂದು ಅಡಿಕೆ ಹಾಳೆ ತಟ್ಟೆ ಯೂನಿಟ್ ಇದೆ ಅಂದುಕೊಳ್ಳಿ. ಮೂರು ಮಷೀನು, ನಾಲ್ಕು ಜನ ಕೆಲಸದವರು. ಏಪ್ರಿಲ್ ತಿಂಗಳು, ಮದುವೆ ಸೀಸನ್ನು. ಬೆಂಗಳೂರಿನ ಅಡುಗೆ ಕಂಟ್ರಾಕ್ಟರೊಬ್ಬರು ಫೋನ್ ಮಾಡುತ್ತಾರೆ. 12 ಇಂಚಿನ ತಟ್ಟೆ 50,000 ಬೇಕು, ಅದೂ 10 ದಿನದಲ್ಲಿ. ನಿಮ್ಮ ಮಷೀನು ಬಿಡುವಿಲ್ಲದೆ ಓಡಿದರೂ ಅರ್ಧ ಮುಟ್ಟೋದಿಲ್ಲ.

ಆಗೋದಿಲ್ಲ ಅನ್ನಲು ಬಾಯಿ ಬರುತ್ತಿಲ್ಲ. ಮೂರು ಕಿಲೋಮೀಟರ್ ಆಚೆ ಇನ್ನೊಂದು ಯೂನಿಟ್ ಇದೆ, ಆದರೆ ಅವರು ನಿಮ್ಮ ಗಿರಾಕಿಯ ಮೇಲೇ ಕಣ್ಣಿಟ್ಟವರು. ಶಿವಮೊಗ್ಗದಲ್ಲಿ ಪರಿಚಯದ ಹೋಲ್‌ಸೇಲ್ ವ್ಯಾಪಾರಿ ಇದ್ದಾರೆ. ಅವರಿಗೆ ತಟ್ಟೆ ಒತ್ತಲು ಬರೋದಿಲ್ಲ, ಆದರೆ ಗೋಡೌನು, ಲಾರಿ, ದುಡ್ಡು ಎಲ್ಲ ಉಂಟು. ಯಾರ ಹತ್ತಿರ ಹೋಗಬೇಕು?

ಹೆಜ್ಜೆ 1: ಕೈ ಸಾಲದೋ, ಕೈಗೆ ಬಾರದೋ?

ಒಂದು ಹಾಳೆಯಲ್ಲಿ (ಕಾಗದದ ಹಾಳೆಯಲ್ಲಿ!) ನಿಮಗೆ ಏನು ಕಡಿಮೆ ಬಿದ್ದಿದೆ ಅಂತ ಬರೆಯಿರಿ. ನೀವು ಮಾಡುವ ಕೆಲಸವೇ ಇನ್ನೂ ಜಾಸ್ತಿ ಆಗಬೇಕಿದ್ದರೆ ಅದು ಕೈ ಸಾಲದ ಕಷ್ಟ. ಅದಕ್ಕೆ ನಿಮ್ಮದೇ ಕಸುಬಿನವರು ಬೇಕು. ನಿಮಗೆ ಗೊತ್ತೇ ಇಲ್ಲದ ಕೆಲಸ ಆಗಬೇಕಿದ್ದರೆ, ಅಂದರೆ ಆನ್‌ಲೈನ್ ಮಾರಾಟ, ಪ್ಯಾಕಿಂಗ್, ರಫ್ತಿನ ಕಾಗದಪತ್ರ ಇಂಥದ್ದಾದರೆ, ಅದು ಕೈಗೆ ಬಾರದ ಕಷ್ಟ. ಅದಕ್ಕೆ ಬೇರೆ ಕಸುಬಿನವರು.

ಮಲೆನಾಡಿಗೆ ಇದು ಹೊಸದೇನಲ್ಲ. ಮುಯ್ಯಾಳು ಪದ್ಧತಿ ಇದ್ದದ್ದೇ ಹೀಗೆ. ಇವತ್ತು ನಿಮ್ಮ ಗದ್ದೆ ನಾಟಿಗೆ ನಾವು, ನಾಳೆ ನಮ್ಮದಕ್ಕೆ ನೀವು. ಅಡಿಕೆ ಬೆಳೆಗಾರರು ಇನ್ನೂ ಮುಂದೆ ಹೋದರು. ಮಂಡಿಯಲ್ಲಿ ಪ್ರತಿಯೊಬ್ಬ ಬೆಳೆಗಾರನೂ ಇನ್ನೊಬ್ಬನಿಗೆ ಪೈಪೋಟಿಯೇ. ಆದರೂ 1939ರಲ್ಲಿ ಶಿವಮೊಗ್ಗದಲ್ಲಿ ಒಟ್ಟಾಗಿ ಅಡಿಕೆ ಮಾರಲು ಮ್ಯಾಮ್ಕೋಸ್ ಅನ್ನುವ ಸಹಕಾರ ಸಂಘ ಕಟ್ಟಿಕೊಂಡರು. ಎರಡು ಮೂಟೆ ಹಿಡಿದು ಒಬ್ಬನೇ ಹೋದರೆ ವ್ಯಾಪಾರಿ ಹೇಳಿದ್ದೇ ರೇಟು, ಅಲ್ವಾ?

ಒಬ್ಬರೇ ಹೊರಲಾಗದ ಖರ್ಚಿಗೂ ಇದೇ ಲೆಕ್ಕ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಹಾಳೆ ತಟ್ಟೆಯ ಸುರಕ್ಷತೆ ಬಗ್ಗೆ ತಕರಾರು ಎತ್ತಿತು. ಅದಕ್ಕೆ ಉತ್ತರ ಕೊಡಲು ಲ್ಯಾಬ್ ಪರೀಕ್ಷೆ ಬೇಕು, ದಾಖಲೆ ಬೇಕು. ಮೂರು ಮಷೀನಿನ ಯೂನಿಟ್ಟಿಗೆ ಆಗುವ ಮಾತಲ್ಲ. ಪಕ್ಕದವರ ತಟ್ಟೆಗೆ ಕೆಟ್ಟ ಹೆಸರು ಬಂದರೆ ನಿಮ್ಮದಕ್ಕೂ ಬಂತು. ಇಂಥ ಕಡೆ ಎದುರಾಳಿಯೇ ಹತ್ತಿರದ ನೆಂಟ.

ಹೆಜ್ಜೆ 2: ಗಿರಾಕಿ ಕಣ್ಣಿಗೆ ಬೀಳದ ಕೆಲಸ ಹುಡುಕಿ

ಹಾಳೆ ಹೆಕ್ಕುವುದರಿಂದ ಹಿಡಿದು ಗಿರಾಕಿ ಮನೆ ಮುಟ್ಟುವವರೆಗೆ ಏನೇನು ಕೆಲಸ ಇದೆ, ಸಾಲಾಗಿ ಬರೆಯಿರಿ. ಗಿರಾಕಿ ನಿಮ್ಮನ್ನೇ ಹುಡುಕಿಕೊಂಡು ಬರುವುದು ಅದರಲ್ಲಿ ಯಾವುದಕ್ಕೆ? ಅದನ್ನು ಎದುರಾಳಿ ಜೊತೆ ಹಂಚಿಕೊಳ್ಳಬೇಡಿ. ಉಳಿದದ್ದು ಹಂಚಬಹುದು. ಮಳೆಗಾಲಕ್ಕೆ ಹಾಳೆ ಒಣಗಿಸಿ ಬೂಷ್ಟು ಬಾರದ ಹಾಗೆ ಇಡುವ ಶೆಡ್ಡು ಇಬ್ಬರಿಗೂ ಬೇಕು. ಆ ಶೆಡ್ಡು ನೋಡಿ ಯಾರೂ ತಟ್ಟೆ ಕೊಳ್ಳೋದಿಲ್ಲ.

ದೊಡ್ಡ ಕಂಪನಿಗಳೂ ಇದನ್ನೇ ಮಾಡುತ್ತವೆ. 2007ರಲ್ಲಿ ಏರ್‌ಟೆಲ್, ವೊಡಾಫೋನ್, ಐಡಿಯಾ ಸೇರಿ ಟವರುಗಳಿಗೆಂದೇ ಇಂಡಸ್ ಟವರ್ಸ್ ಕಂಪನಿ ಮಾಡಿಕೊಂಡವು. ಸಿಮ್ ಮಾರುವಾಗ ಮಾತ್ರ ಜಗಳ ಹಾಗೇ ಇತ್ತು. ಮಾರುತಿ ಸುಜುಕಿಯ ಬಲೆನೋ ಕಾರನ್ನೇ ಟೊಯೊಟಾ 2019ರಿಂದ ಗ್ಲಾಂಜಾ ಅಂತ ಹೆಸರಿಟ್ಟು ಮಾರಿತು. 2022ರಲ್ಲಿ ಬಂದ ಮಾರುತಿಯ ಗ್ರ್ಯಾಂಡ್ ವಿಟಾರಾ ತಯಾರಾಗಿದ್ದು ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ. ಶೋರೂಮು ಮಾತ್ರ ಬೇರೆ ಬೇರೆ.

ಕೈಗೆ ಬಾರದ ಕೆಲಸ ಎದುರಾಳಿಗೆ ಮಾತ್ರ ಬರುತ್ತಿದ್ದರೆ? ಆಪಲ್‌ಗೆ ಹೀಗೇ ಆಯಿತು. 2017ರ ಐಫೋನ್ ಎಕ್ಸ್‌ಗೆ ಒಎಲ್‌ಇಡಿ ಪರದೆ ಕೊಟ್ಟದ್ದು ಫೋನ್ ಮಾರಾಟದಲ್ಲಿ ಅದರ ದೊಡ್ಡ ಎದುರಾಳಿ ಸ್ಯಾಮ್‌ಸಂಗ್. ಆಮೇಲೆ ಆಪಲ್ ಬೇರೆ ಕಂಪನಿಗಳಿಂದಲೂ ಪರದೆ ತರಿಸತೊಡಗಿತು. ಕೊಳ್ಳುವುದು ತಪ್ಪಲ್ಲ, ಒಬ್ಬರನ್ನೇ ನೆಚ್ಚಿಕೊಳ್ಳುವುದು ಅಪಾಯ.

ಹೆಜ್ಜೆ 3: ಅವರು ಏನು ಕಲಿತುಕೊಂಡು ಹೋಗುತ್ತಾರೆ?

ನಾನೂ ಒಂದಷ್ಟು ವರ್ಷ ಸಣ್ಣ ಯೂನಿಟ್ ನಡೆಸಿದ್ದೆ. ಒಮ್ಮೆ ಕೈ ಸಾಲದೆ ಪಕ್ಕದೂರಿನವರಿಂದ ತಟ್ಟೆ ಮಾಡಿಸಿದೆ. ಲೋಡು ಅಲ್ಲಿಂದಲೇ ಹೋಗಲಿ, ಒಂದು ಟ್ರಿಪ್ ಬಾಡಿಗೆ ಉಳಿಯುತ್ತೆ ಅಂದುಕೊಂಡೆ. ಬಿಲ್ಲಿನಲ್ಲಿ ಗಿರಾಕಿಯ ವಿಳಾಸ, ಫೋನ್ ನಂಬರು ಎರಡೂ ಇತ್ತು. ಮುಂದಿನ ಸೀಸನ್ನಿಗೆ ಆ ಗಿರಾಕಿ ನನಗೆ ಫೋನೇ ಮಾಡಲಿಲ್ಲ. ನನಗೆ ಉಳಿದದ್ದು 800 ರೂಪಾಯಿ ಬಾಡಿಗೆ. ಅವರನ್ನು ಬೈದು ಏನು ಪ್ರಯೋಜನ? ನಂಬರು ಕೊಟ್ಟವನು ನಾನೇ.

ಹಾಗಂತ ಬೇರೆ ಕಸುಬಿನವರು ನಿರಪಾಯ ಅನ್ನೋದೂ ಸುಳ್ಳು. ಹೋಲ್‌ಸೇಲ್ ವ್ಯಾಪಾರಿಗೆ ನಿಮ್ಮ ರೇಟು, ಹಾಳೆ ಸಿಗುವ ತೋಟ, ಗಿರಾಕಿ ಎಲ್ಲ ಗೊತ್ತಾದರೆ ಮುಂದಿನ ವರ್ಷ ಅವರೇ ನಾಲ್ಕು ಮಷೀನು ಹಾಕಿಯಾರು. ಎದುರಾಳಿ ಹತ್ತಿರ ನಾವು ಸುಮ್ನೆ ಇರುತ್ತೇವೆ. ಇಂಥವರ ಹತ್ತಿರ ಕಾಫಿ ಕುಡಿಯುತ್ತಾ ಎಲ್ಲ ಹೇಳಿಬಿಡುತ್ತೇವೆ. ನನ್ನ ಪ್ರಕಾರ ಜಾಸ್ತಿ ಹುಷಾರಾಗಿರಬೇಕಾದ್ದು ಇಲ್ಲೇ.

ಹೆಜ್ಜೆ 4: ಒಂದು ಲೋಡು ಮಾಡಿ ನೋಡಿ

ಮೊದಲೇ 25,000 ತಟ್ಟೆ ಒಪ್ಪಿಸಬೇಡಿ. 2,000 ಮಾಡಿಸಿ, ನಿಮ್ಮ ಯೂನಿಟ್ಟಿಗೇ ತರಿಸಿ, ನೀವೇ ಆರಿಸಿ. ಅಂಚು ಸೀಳಿದ್ದು, ಕಲೆ ಬಿದ್ದದ್ದು, ತೆಳ್ಳಗಾದದ್ದು ಬೇರೆ ಮಾಡಿ. ವಾಪಸ್ಸಾದ ಮಾಲು ಯಾರ ತಲೆಗೆ ಅಂತ ಮೊದಲೇ ಬರೆದುಕೊಳ್ಳಿ.

ಹೆಜ್ಜೆ 5: ಯಾವುದನ್ನು ಮಾತಾಡಲೇಬಾರದು

ಎದುರಾಳಿ ಜೊತೆ ಕೂತಾಗ ಮಾತು ಸಲೀಸಾಗಿ ರೇಟಿನ ಕಡೆ ಹೊರಳುತ್ತದೆ. "ಹಾಳೆಗೆ ಇಷ್ಟಕ್ಕಿಂತ ಜಾಸ್ತಿ ಇಬ್ಬರೂ ಕೊಡೋದು ಬೇಡ ಮಾರಾಯ್ರೆ" ಅಂತ ಯಾರೋ ಅನ್ನುತ್ತಾರೆ. ಅಲ್ಲಿಗೆ ಮಾತು ನಿಲ್ಲಿಸಿ. 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಎದುರಾಳಿಗಳು ಸೇರಿ ಕೊಳ್ಳುವ ಅಥವಾ ಮಾರುವ ಬೆಲೆ ಗೊತ್ತು ಮಾಡುವುದು, ಊರು ಹಂಚಿಕೊಳ್ಳುವುದು, ಟೆಂಡರಿನಲ್ಲಿ ಒಳಒಪ್ಪಂದ ಮಾಡುವುದು ಎಲ್ಲ ತಪ್ಪು. ಬರವಣಿಗೆ ಇಲ್ಲದ ಬಾಯಿಮಾತಿನ ಒಪ್ಪಂದವೂ ಲೆಕ್ಕಕ್ಕೆ ಬರುತ್ತದೆ. ಕೆಲಸ ಹಂಚಿಕೊಳ್ಳುವುದಕ್ಕೆ, ಶೆಡ್ಡು ಕಟ್ಟುವುದಕ್ಕೆ ಈ ತೊಂದರೆ ಇಲ್ಲ.

ಹೆಜ್ಜೆ 6: ಕಾಗದ

ಒಂದೇ ಆರ್ಡರಿಗೆ ಪಾಲುದಾರಿಕೆ ಬೇಡವೇ ಬೇಡ. 1932ರ ಪಾಲುದಾರಿಕೆ ಕಾಯ್ದೆಯಲ್ಲಿ ಫರ್ಮಿನ ಸಾಲಕ್ಕೆ ಪ್ರತಿ ಪಾಲುದಾರನೂ ಪೂರ್ತಿ ಹೊಣೆ. ಅವರು ಫರ್ಮಿನ ಹೆಸರಲ್ಲಿ ಸಾಲ ಮಾಡಿದರೆ ನಿಮ್ಮ ತೋಟಕ್ಕೆ ಬಂದೀತು. ಕೆಲಸ ಮಾಡಿಸಿ ಕೂಲಿ ಕೊಡುವ ಒಪ್ಪಂದ ಸಾಕು. ನಾಲ್ಕಾರು ವರ್ಷದ ಜೊತೆ ಅಂತಾದರೆ 2008ರ ಕಾಯ್ದೆಯ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ, ನೋಡಿ. ಅಲ್ಲಿ ನಿಮ್ಮ ಹೊಣೆ ಸಾಮಾನ್ಯವಾಗಿ ನೀವು ಹಾಕಿದ ಬಂಡವಾಳಕ್ಕೆ ಮುಗಿಯುತ್ತದೆ.

ಬಿಡುವ ದಿನದ ಮಾತನ್ನೂ ಸೇರುವ ದಿನವೇ ಬರೆಯಿರಿ. ಇಬ್ಬರೂ ದುಡ್ಡು ಹಾಕಿ ಹೊಸ ಅಳತೆಯ ಅಚ್ಚು ಮಾಡಿಸಿದ್ದರೆ, ಕೊನೆಗೆ ಅದು ಯಾರ ಮನೆಗೆ, ಇನ್ನೊಬ್ಬರಿಗೆ ಎಷ್ಟು ಕೊಟ್ಟು. ಶೆಡ್ಡಿನಲ್ಲಿ ಉಳಿದ ಹಾಳೆಗೂ ಹಾಗೇ.